ಒಗ್ಗರಣೆಗೆ ಮುಂಚೆ ಒಂದು ಬಟ್ಟಲು ತೆಗೆದಿಡಿ

ಮಗು ಊಟ ಮಾಡಲ್ಲ ಅನ್ನೋ ದೂರು ಸಾಮಾನ್ಯವಾಗಿ ಒಂದು ವರ್ಷ ದಾಟಿದ ಮೇಲೆ ಶುರುವಾಗುತ್ತದೆ. ಅಲ್ಲಿಯವರೆಗೆ ರಾಗಿ ಸರಿ, ಬೇಳೆ ಅನ್ನ ಏನು ಕೊಟ್ಟರೂ ಬಾಯಿ ತೆರೆಯುತ್ತಿದ್ದ ಕೂಸು ಇದ್ದಕ್ಕಿದ್ದಂತೆ ತುಟಿ ಬಿಗಿ ಹಿಡಿದು ಕೂರುತ್ತದೆ. ಅಜ್ಜಿ ದೃಷ್ಟಿ ತೆಗೆಯುತ್ತಾರೆ, ಅಪ್ಪ ಮೊಬೈಲ್ ತೆಗೆಯುತ್ತಾರೆ. ಆದರೆ ಇದರಲ್ಲಿ ಗಾಬರಿಯಾಗುವಂಥದ್ದು ಜಾಸ್ತಿ ಏನಿಲ್ಲ. ಮೊದಲ ವರ್ಷದಲ್ಲಿ ಮಗುವಿನ ತೂಕ ಹೆಚ್ಚುಕಮ್ಮಿ 3 ಪಟ್ಟು ಆಗುತ್ತದೆ. ಎರಡನೇ ವರ್ಷ ಪೂರ್ತಿ ಕಳೆದರೂ ಏರುವುದು ಸುಮಾರು 2ರಿಂದ 2.5 ಕಿಲೋ ಅಷ್ಟೇ. ಬೆಳೆಯುವ ವೇಗ ಇಳಿದರೆ ಹಸಿವೂ ಇಳಿಯುತ್ತದೆ. ಜೊತೆಗೆ 2 ವರ್ಷದ ಆಸುಪಾಸಿನಲ್ಲಿ ಹೊಸ ತಿಂಡಿ ಕಂಡರೆ ಅನುಮಾನಪಡುವ ಬುದ್ಧಿಯೂ ಬರುತ್ತದೆ.

ಇಂಥ ಹೊತ್ತಲ್ಲಿ ಬಹಳ ಮನೆಗಳಲ್ಲಿ ಮಗುವಿಗೆ ಅಂತಲೇ ಬೇರೆ ಅಡುಗೆ ಶುರುವಾಗುತ್ತದೆ. ಪಾಸ್ತಾ, ನೂಡಲ್ಸ್, ಡಬ್ಬದ ಪುಡಿ. ನನ್ನನ್ನು ಕೇಳಿದರೆ ಅದು ಬೇಡ. ಮನೆಯಲ್ಲಿ ದಿನಾ ಆಗುವ ಅಡುಗೆಯಿಂದಲೇ ಮಗುವಿನ ಪಾಲು ತೆಗೆಯಬಹುದು. ಖಾರ ಯಾವಾಗ ಬೀಳುತ್ತದೆ, ತುಂಡು ಯಾವ ಆಕಾರದಲ್ಲಿದೆ, ತಟ್ಟೆ ಮುಂದೆ ಕೂರುವಾಗ ಹೊಟ್ಟೆ ಹಸಿದಿದೆಯಾ, ಇಷ್ಟು ನೋಡಿಕೊಂಡರೆ ಅರ್ಧ ಕೆಲಸ ಆದಂತೆ.

ಮೊದಲು ಹಸಿವು

ಅಡುಗೆಮನೆಗೆ ಹೋಗುವ ಮುಂಚೆ ಒಂದು ದಿನ ಸುಮ್ನೆ ಬರೆದಿಡಿ. ಬೆಳಗಿನಿಂದ ರಾತ್ರಿಯವರೆಗೆ ಮಗುವಿನ ಬಾಯಿಗೆ ಏನೇನು ಹೋಯಿತು ಅಂತ. ಎದ್ದ ಕೂಡಲೇ ಹಾಲು, ಹತ್ತು ಗಂಟೆಗೆ ಎರಡು ಬಿಸ್ಕತ್ತು, ಪಕ್ಕದ ಮನೆ ಆಂಟಿ ಕೊಟ್ಟ ಕುರುಕಲು, ಮಧ್ಯಾಹ್ನ ಊಟಕ್ಕೆ ಮುಂಚೆ ಅತ್ತಿತು ಅಂತ ಮತ್ತೆ ಹಾಲು. ಇಷ್ಟಾದ ಮೇಲೆ ಅನ್ನ ಯಾಕೆ ಬೇಕು ಹೇಳಿ.

ಒಂದು ವರ್ಷ ದಾಟಿದ ಮಕ್ಕಳಿಗೆ ದಿನಕ್ಕೆ 400ರಿಂದ 500 ಮಿಲಿ ಹಾಲು ಸಾಕು. ಅದಕ್ಕಿಂತ ಜಾಸ್ತಿ ಆದರೆ ಊಟದ ಜಾಗವನ್ನು ಹಾಲೇ ತುಂಬಿಬಿಡುತ್ತದೆ. ಹಸುವಿನ ಹಾಲಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ, ಹಾಗಾಗಿ ಬರೀ ಹಾಲಿನ ಮೇಲೆ ಬೆಳೆಯುವ ಮಕ್ಕಳಲ್ಲಿ ರಕ್ತಹೀನತೆ ಕಾಣಿಸಿಕೊಳ್ಳುವುದೂ ಉಂಟು. ಅಂಗನವಾಡಿಗೆ ಹೋಗುವ ಮಗುವಾದರೆ ಅಲ್ಲಿ ಕೊಡುವ ಹಾಲನ್ನೂ ಲೆಕ್ಕಕ್ಕೆ ಹಿಡಿಯಿರಿ. 2013ರಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಒಂದು ಮಗುವಿಗೆ ಗೊತ್ತು ಮಾಡಿದ್ದೇ 150 ಮಿಲಿ.

ಒಂದು ಊಟಕ್ಕೂ ಇನ್ನೊಂದಕ್ಕೂ 2ರಿಂದ 3 ಗಂಟೆ ಬಿಡುವು ಇರಲಿ. ನಡುವೆ ನೀರು ಬಿಟ್ಟು ಬೇರೇನೂ ಬೇಡ. ರಾತ್ರಿ ಉಣ್ಣಲಿಲ್ಲ ಅಂತ ಬಾಟಲಿ ಹಾಲು ಕುಡಿಸಿ ಮಲಗಿಸುವ ಅಭ್ಯಾಸ ಇದ್ದರೆ ಮೊದಲು ಅದನ್ನೇ ಮುರಿಯಬೇಕು. ಮಕ್ಕಳು ಬುದ್ಧಿವಂತರು, ಅನ್ನ ಬೇಡ ಅಂದರೆ ಹಾಲು ಬರುತ್ತದೆ ಅಂತ ಎರಡೇ ದಿನಕ್ಕೆ ಕಲಿತುಬಿಡುತ್ತಾರೆ.

ಖಾರ ಬೀಳುವ ಮುಂಚೆ

ಸಾರು ಮಾಡುವಾಗ ಬೇಳೆ, ತರಕಾರಿ ಬೆಂದಿರುತ್ತದೆ, ಸಾರಿನ ಪುಡಿ ಇನ್ನೂ ಬಿದ್ದಿರುವುದಿಲ್ಲ. ಮಗುವಿನ ಬಟ್ಟಲು ತುಂಬುವ ಹೊತ್ತು ಅದೇ. ಬೆಂದ ಬೇಳೆ ಎರಡು ಸೌಟು, ಅದರಲ್ಲೇ ಬೆಂದ ಕ್ಯಾರೆಟ್, ಸೀಮೆ ಬದನೆಕಾಯಿ ಅಥವಾ ಸೋರೆಕಾಯಿ ನಾಲ್ಕು ಹೋಳು ತೆಗೆದಿಡಿ. ಚಿಕ್ಕ ಒಗ್ಗರಣೆ ಸೌಟಿನಲ್ಲಿ ತುಪ್ಪ ಕಾಯಿಸಿ, ಜೀರಿಗೆ, ಚಿಟಿಕೆ ಇಂಗು, ಚಿಟಿಕೆ ಅರಿಶಿನ ಹಾಕಿ ಅದರ ಮೇಲೆ ಸುರಿದರೆ ಮಗುವಿನ ಸಾರು ಸಿದ್ಧ. ಅನ್ನಕ್ಕೆ ಕಲಸಿ ಕೊನೆಯಲ್ಲಿ ನಾಲ್ಕು ಹನಿ ನಿಂಬೆರಸ ಹಿಂಡಿ. ರುಚಿಗಂತೂ ಸರಿ, ಬೇಳೆ ಸೊಪ್ಪಿನಲ್ಲಿರುವ ಕಬ್ಬಿಣದ ಅಂಶವನ್ನು ದೇಹ ಎಳೆದುಕೊಳ್ಳಲು ನಿಂಬೆಯ ವಿಟಮಿನ್ ಸಿ ಸಹಾಯ ಮಾಡುತ್ತದೆ. ಮಗು ಒಂದು ವರ್ಷಕ್ಕಿಂತ ಚಿಕ್ಕದಾದರೆ ಉಪ್ಪು ಹಾಕುವ ಮುಂಚೆಯೇ ತೆಗೆಯಿರಿ.

ಬಸ್ಸಾರು ಮಾಡುವ ಮನೆಯವರಿಗೆ ಇದು ಇನ್ನೂ ಸುಲಭ. ಬಸಿದ ಸೊಪ್ಪು, ಕಾಳು ಹೇಗಿದ್ದರೂ ಬೇರೆಯಾಗೇ ಇರುತ್ತದೆ. ಒಗ್ಗರಣೆಗೆ ಮೆಣಸಿನಕಾಯಿ ಹಾಕುವ ಮುಂಚೆ ಒಂದು ಹಿಡಿ ತೆಗೆದು ಕಾಯಿತುರಿ ಬೆರೆಸಿ. ಅಲಸಂದೆ, ಹೆಸರುಕಾಳು ಎರಡು ಬೆರಳ ನಡುವೆ ಒತ್ತಿದರೆ ಹಿಟ್ಟಿನಂತೆ ನುಣ್ಣಗಾಗಬೇಕು, ಅಷ್ಟು ಬೆಂದಿರಲಿ. ಮಗುವಿಗೆ ಒಂದೊಂದೇ ಕಾಳು ಹೆಕ್ಕಿ ತಿನ್ನುವುದು ಆಟ, ಚಮಚದಲ್ಲಿ ತುರುಕಿದರೆ ಉಗಿಯುವ ಕಾಳನ್ನೇ ತಾನಾಗಿ ಹೆಕ್ಕಿ ತಿನ್ನುತ್ತದೆ.

ಹಾಗಂತ ಖಾರವನ್ನು ಶಾಶ್ವತವಾಗಿ ದೂರ ಇಡಬೇಕಿಲ್ಲ. ಎರಡು ವರ್ಷ ದಾಟಿದ ಮೇಲೆ ತಿಳಿಸಾರು ಒಂದೊಂದೇ ಚಮಚ ಬೆರೆಸುತ್ತಾ ಬನ್ನಿ. ಮನೆಯ ರುಚಿ ನಾಲಿಗೆಗೆ ಹತ್ತಬೇಕಲ್ವಾ.

ಒಗ್ಗರಣೆಯ ಸಾಸಿವೆ ಮತ್ತು ಕರಿಬೇವು ಇನ್ನೊಂದು ತಲೆನೋವು. ಅನ್ನದಲ್ಲಿ ಒಂದು ಕರಿಬೇವಿನ ಎಲೆ ಕಂಡರೆ ಸಾಕು, ಇಡೀ ತಟ್ಟೆ ಅತ್ತ ತಳ್ಳುತ್ತಾರೆ. ಇದಕ್ಕೆ ಪುಡಿಯೇ ಮದ್ದು. ಎರಡು ಹಿಡಿ ಕರಿಬೇವನ್ನು ತೊಳೆದು ನೆರಳಲ್ಲಿ ಒಣಗಿಸಿ, ಬಾಣಲೆಯಲ್ಲಿ ಗರಿಗರಿ ಆಗುವಷ್ಟು ಹುರಿಯಿರಿ. ಒಂದು ಬಟ್ಟಲು ಹುರಿಗಡಲೆ, ಕಾಲು ಬಟ್ಟಲು ಒಣಕೊಬ್ಬರಿ ತುರಿ, ಒಂದು ಚಮಚ ಜೀರಿಗೆ, ಸ್ವಲ್ಪ ಉಪ್ಪು ಸೇರಿಸಿ ನುಣ್ಣಗೆ ಪುಡಿ ಮಾಡಿ. ಬಿಸಿ ಅನ್ನಕ್ಕೆ ತುಪ್ಪದ ಜೊತೆ ಒಂದು ಚಮಚ. ದೊಡ್ಡವರು ಕದಿಯದಂತೆ ಡಬ್ಬಿ ಬಚ್ಚಿಡಬೇಕು ಅಷ್ಟೇ.

ಕೈಗೆ ಸಿಗುವ ಆಕಾರ

ಮಕ್ಕಳು ಬೇಡ ಅನ್ನುವುದು ಎಷ್ಟೋ ಸಲ ರುಚಿಗಲ್ಲ, ಮುಟ್ಟಿದಾಗ ಸಿಗುವ ಅನುಭವಕ್ಕೆ. ಉಪ್ಪಿಟ್ಟು ಬೇಡ ಅನ್ನುವ ಮಗು ಅದೇ ರವೆಯ ಇಡ್ಲಿಯನ್ನು ತಿನ್ನುತ್ತದೆ. ಬೆಂಡೆಕಾಯಿ ಗೊಜ್ಜಿನ ಲೋಳೆ ಕಂಡರೆ ಓಡುವ ಮಗು ಎಣ್ಣೆಯಲ್ಲಿ ಚೆನ್ನಾಗಿ ಹುರಿದ ಬೆಂಡೆಕಾಯಿ ಚೂರನ್ನು ಚಿಪ್ಸ್ ಅಂತಲೇ ಮೆಲ್ಲುತ್ತದೆ. ಹಾಗಾಗಿ ಒಂದು ಪದಾರ್ಥ ಬೇಡ ಅಂದಾಗ ಅದನ್ನು ಪಟ್ಟಿಯಿಂದ ಹೊಡೆದುಹಾಕುವ ಮುಂಚೆ ಆಕಾರ ಬದಲಿಸಿ ನೋಡಿ.

ಇಡ್ಲಿಯನ್ನು ಉದ್ದಕ್ಕೆ ಬೆರಳಿನ ಹಾಗೆ ಕತ್ತರಿಸಿ. ಅಕ್ಕಿ ರೊಟ್ಟಿಯನ್ನು ಅಂಗೈ ಅಗಲಕ್ಕೆ ತಟ್ಟಿ. ಹಿಟ್ಟಿಗೆ ಸಬ್ಬಸಿಗೆ ಸೊಪ್ಪು, ಕ್ಯಾರೆಟ್ ತುರಿ, ಕಾಯಿತುರಿ ಹಾಕಿ, ಬಿಸಿ ನೀರಲ್ಲಿ ಸ್ವಲ್ಪ ಮೆತ್ತಗೆ ಕಲಸಿದರೆ ಆರಿದ ಮೇಲೂ ಗಟ್ಟಿಯಾಗುವುದಿಲ್ಲ. ಚಪಾತಿಯನ್ನು ಪಲ್ಯ ಹಾಕಿ ಸುತ್ತಿ ಕೈಗೆ ಕೊಡಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಬಿಸಿ ಜೋಳದ ರೊಟ್ಟಿಯನ್ನು ಹಾಲಲ್ಲೋ ಬೇಳೆಯಲ್ಲೋ ನೆನೆಸಿ ಚಿಕ್ಕವರಿಗೆ ಉಣ್ಣಿಸುತ್ತಾರೆ, ಹಲ್ಲು ಇನ್ನೂ ಪೂರ್ತಿ ಬರದ ಮಕ್ಕಳಿಗೆ ಅದಕ್ಕಿಂತ ಒಳ್ಳೆಯದು ಕಡಿಮೆ.

ಇವೆಲ್ಲದರಲ್ಲಿ ನನ್ನ ಮೆಚ್ಚಿನದು ಪಡ್ಡು. ಉಳಿದ ದೋಸೆ ಹಿಟ್ಟು ಒಂದು ಬಟ್ಟಲು ತೆಗೆದುಕೊಳ್ಳಿ. ಎರಡು ಚಮಚ ತುರಿದ ಕ್ಯಾರೆಟ್, ಒಂದು ಚಮಚ ಕಾಯಿತುರಿ, ಸಣ್ಣಗೆ ಹೆಚ್ಚಿದ ಕೊತ್ತಂಬರಿ ಸೊಪ್ಪು ಬೆರೆಸಿ. ಹಿಟ್ಟು ಹುಳಿ ಬಂದಿದ್ದರೆ ಒಂದು ಚಮಚ ರವೆ ಹಾಕಿ ಹತ್ತು ನಿಮಿಷ ಬಿಡಿ. ಕಾವಲಿಯ ಗುಳಿಗಳಿಗೆ ಎಣ್ಣೆ ಸವರಿ, ಮುಕ್ಕಾಲು ಭಾಗ ಮಾತ್ರ ಹಿಟ್ಟು ತುಂಬಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಎರಡೂ ಕಡೆ ಬೇಯಿಸಿ. ಹೊರಗೆ ಗರಿ, ಒಳಗೆ ಮೆತ್ತಗೆ. ಮೊಟ್ಟೆ ತಿನ್ನುವ ಮನೆಯಾದರೆ ಹಿಟ್ಟಿಗೆ ಒಂದು ಮೊಟ್ಟೆ ಒಡೆದು ಕದಡಿ, ಗೊತ್ತೇ ಆಗುವುದಿಲ್ಲ. ಬೆಂದ ತಕ್ಷಣ ಕೊಡಬೇಡಿ, ಪಡ್ಡಿನ ಹೊಟ್ಟೆಯಲ್ಲಿ ಬಿಸಿ ಬಹಳ ಹೊತ್ತು ಉಳಿಯುತ್ತದೆ. ಎರಡು ಹೋಳು ಮಾಡಿ ಆರಿಸಿ ಕೊಡಿ.

ಕರಾವಳಿಯವರು ಮೀನನ್ನು ಬೇಗ ರೂಢಿ ಮಾಡಿಸುತ್ತಾರೆ, ಒಳ್ಳೆಯದೇ. ಆದರೆ ಬಂಗುಡೆಯಲ್ಲಿ ಸಣ್ಣ ಮುಳ್ಳು ಇರುತ್ತದೆ. ಅಂಜಲ್ ತುಂಡಾದರೆ ನಡುಮುಳ್ಳು ಬಿಡಿಸುವುದು ಸುಲಭ, ಆದರೂ ಬೆರಳಲ್ಲಿ ಕಿವುಚಿ ನೋಡಿಯೇ ಕೊಡಿ.

ರಾಗಿ ಬೇಡ ಅಂದರೆ

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ, ನಾವು ದಿನಾ ತಿನ್ನುವ ಬೇರೆ ಯಾವ ಧಾನ್ಯವೂ ಇದರ ಹತ್ತಿರ ಬರುವುದಿಲ್ಲ. ಆದರೆ ಆರು ತಿಂಗಳಿಂದ ಅದೇ ಸರಿ ತಿಂದು ಸಾಕಾದ ಮಗುವಿಗೆ ಈ ಲೆಕ್ಕ ಬೇಕಾಗಿಲ್ಲ. ಅದಕ್ಕೆ ಹೊಸ ರೂಪ ಬೇಕು.

ಮೊಳಕೆ ಕಟ್ಟಿದ ರಾಗಿ ಹಿಟ್ಟನ್ನು ಒಮ್ಮೆ ಮಾಡಿಟ್ಟುಕೊಂಡರೆ ಬಹಳಕ್ಕೆ ಬರುತ್ತದೆ. ಅರ್ಧ ಕಿಲೋ ರಾಗಿಯ ಕಲ್ಲು ಮಣ್ಣು ತೆಗೆದು, ನೀರು ತಿಳಿಯಾಗುವವರೆಗೆ ತೊಳೆಯಿರಿ. ರಾತ್ರಿ ನೆನೆಹಾಕಿ, 10ರಿಂದ 12 ಗಂಟೆ. ಬೆಳಗ್ಗೆ ಪೂರ್ತಿ ಬಸಿದು ಒದ್ದೆ ಹತ್ತಿ ಬಟ್ಟೆಯಲ್ಲಿ ಕಟ್ಟಿ, ಆಗಾಗ ನೀರು ಚಿಮುಕಿಸುತ್ತಾ ಒಂದು, ಒಂದೂವರೆ ದಿನ ಇಡಿ. ಬಿಳಿ ಮೊಳಕೆ ಕಂಡ ಮೇಲೆ ತೆಳ್ಳಗೆ ಹರಡಿ ಚೆನ್ನಾಗಿ ಒಣಗಿಸಿ. ಮಳೆಗಾಲದಲ್ಲಿ ಫ್ಯಾನ್ ಕೆಳಗೆ ಹರಡಬೇಕು. ಹಸಿ ಉಳಿದರೆ ಬೂಷ್ಟು ಹಿಡಿಯುತ್ತದೆ, ಮುಗ್ಗಲು ವಾಸನೆ ಬಂದರೆ ಯೋಚನೆ ಮಾಡದೆ ಎಸೆಯಿರಿ. ಒಣಗಿದ್ದನ್ನು ಕೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಸಣ್ಣ ಉರಿಯಲ್ಲಿ ಘಂ ಎನ್ನುವಷ್ಟು ಮಾತ್ರ ಹುರಿದು ಬೀಸಿಸಿ, ಜರಡಿ ಹಿಡಿದು ಗಾಳಿಯಾಡದ ಡಬ್ಬಿಯಲ್ಲಿಡಿ.

ಇಷ್ಟು ಕಷ್ಟ ಯಾಕೆ ಅಂತ ಕೇಳಬಹುದು. ಮಾಮೂಲಿ ಹಿಟ್ಟಿನ ಸರಿ ಸ್ವಲ್ಪ ಜಾಸ್ತಿ ಹಿಟ್ಟು ಹಾಕಿದರೂ ಅಂಟಿನ ಹಾಗೆ ಗಟ್ಟಿಯಾಗುತ್ತದೆ, ಅದಕ್ಕೇ ನಾವು ನೀರು ಜಾಸ್ತಿ ಸುರಿಯುತ್ತೇವೆ. ಮೊಳಕೆ ಬರುವಾಗ ಕಾಳಿನೊಳಗೆ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ, ಹಾಗಾಗಿ ಹಿಟ್ಟು ಜಾಸ್ತಿ ಹಾಕಿದರೂ ಸರಿ ತೆಳ್ಳಗೇ ಉಳಿಯುತ್ತದೆ. ನಾಲ್ಕೇ ಚಮಚ ತಿನ್ನುವ ಮಗುವಿಗೆ ಆ ನಾಲ್ಕು ಚಮಚದಲ್ಲಿ ನೀರಿಗಿಂತ ರಾಗಿ ಜಾಸ್ತಿ ಹೋಗುತ್ತದೆ. ಕಪ್ಪಗಾಗುವಷ್ಟು ಹುರಿದರೆ ಈ ಗುಣ ಹೋಗಿಬಿಡುತ್ತದೆ, ಹಾಗಾಗಿಯೇ ಸಣ್ಣ ಉರಿ.

ದೊಡ್ಡ ಮಕ್ಕಳಿಗೆ ಇದೇ ಹಿಟ್ಟನ್ನು ದೋಸೆ ಹಿಟ್ಟಿಗೆ ಅರ್ಧಕ್ಕರ್ಧ ಬೆರೆಸಿ ತೆಳ್ಳಗೆ ಹುಯ್ಯಿರಿ. ಮುದ್ದೆ ಉಣ್ಣುವ ಮನೆಯ ಮಗು ದೊಡ್ಡವರನ್ನು ನೋಡಿ ತಾನೂ ನುಂಗುತ್ತೇನೆ ಅನ್ನುತ್ತದೆ. ಕಡಲೆಕಾಳಿನಷ್ಟು ಚಿಕ್ಕ ಉಂಡೆ ಮಾಡಿ ಸಾರಲ್ಲಿ ಅದ್ದಿ ಕೊಡಿ, ಮುದ್ದೆ ಮೆತ್ತಗಿರಲಿ. ಪಾಯಸದ ಹಾಗೆ ಬೆಲ್ಲ ಸುರಿಯಬೇಡಿ. ಬೆಲ್ಲ ಒಳ್ಳೆಯದು ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿ, ಆದರೆ ಹಲ್ಲಿಗೆ ಅದೂ ಸಕ್ಕರೆಯೇ. 2 ವರ್ಷದೊಳಗೆ ಸಕ್ಕರೆ, ಉಪ್ಪು ಜಾಸ್ತಿ ಇರುವ ತಿನಿಸು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ಹೇಳುತ್ತದೆ. ಸಿಹಿ ಬೇಕಾದರೆ ಬಾಳೆಹಣ್ಣು ಕಿವುಚಿ ಹಾಕಿ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸಲೇಬಾರದು. ಅದರಲ್ಲಿರಬಹುದಾದ ರೋಗಾಣು ಚಿಕ್ಕ ಕರುಳಿಗೆ ತುಂಬಾ ಅಪಾಯ.

ಹೊಸ ತರಕಾರಿಯ ಸರದಿ

ಹೊಸದನ್ನು ಒಂದು ಸಲ ಉಗಿದ ಕೂಡಲೇ ಇದು ನಮ್ಮ ಮಗುವಿಗೆ ಆಗಲ್ಲ ಅಂತ ತೀರ್ಮಾನ ಮಾಡಬೇಡಿ. ಮಕ್ಕಳು ಒಂದು ರುಚಿ ಒಪ್ಪಿಕೊಳ್ಳಲು 8ರಿಂದ 10 ಸಲ, ಕೆಲವೊಮ್ಮೆ 15 ಸಲವೂ ಬೇಕಾಗುತ್ತದೆ. ಹಾಗಾಗಿ ತಟ್ಟೆಯಲ್ಲಿ ಇಷ್ಟದ್ದು ಎರಡು, ಹೊಸದು ಒಂದೇ ಒಂದು ಚಮಚ. ಮೊಸರನ್ನದ ಪಕ್ಕ ಬೀಟ್‌ರೂಟ್ ಪಲ್ಯ. ತಿನ್ನು ಅನ್ನಬೇಡಿ, ಹೊಗಳಲೂ ಬೇಡಿ, ಸುಮ್ನೆ ಇಡಿ. ಮುಟ್ಟಿ ನೋಡಿ ಬಿಟ್ಟರೂ ಆ ದಿನಕ್ಕೆ ಅದೇ ಸಾಕು. ಏನು, ಯಾವಾಗ ಅನ್ನುವುದು ನಿಮ್ಮ ಕೈಲಿರಲಿ, ಎಷ್ಟು ಅನ್ನುವುದನ್ನು ಹೊಟ್ಟೆಗೆ ಬಿಡಿ. ಇದು ಹೇಳಿದಷ್ಟು ಸುಲಭ ಅಲ್ಲ, ಮುಖ್ಯವಾಗಿ ಅತ್ತೆ ಎದುರಿಗೆ ಕೂತಿದ್ದಾಗ.

ಪಾಲಕ್ ರುಬ್ಬಿ ಚಪಾತಿ ಹಿಟ್ಟಿಗೆ ಸೇರಿಸುವುದು ಸರಿಯೇ, ಆದರೆ ಬರೀ ಬಚ್ಚಿಟ್ಟು ತಿನ್ನಿಸಿದರೆ ಮಗುವಿಗೆ ಸೊಪ್ಪಿನ ಪರಿಚಯ ಆಗುವುದೇ ಇಲ್ಲ. ಕೆಲಸ ಕೊಡಿ. ಸೊಪ್ಪು ಬಿಡಿಸಲಿ, ಹಿಟ್ಟು ನಾದಲಿ. ಚಳಿಗಾಲದಲ್ಲಿ ಅವರೆಕಾಯಿ ಬಂದಾಗ ನೆನೆದ ಕಾಳನ್ನು ಹಿತುಕಿ ಸಿಪ್ಪೆಯಿಂದ ಚಿಮ್ಮಿಸುವ ಕೆಲಸ ನಾಲ್ಕು ವರ್ಷದವರಿಗೆ ಹಬ್ಬ. ಅರ್ಧ ಬೇಳೆ ನೆಲದ ಮೇಲೆ ಬಿದ್ದಿರುತ್ತದೆ, ಆದರೆ ತಾನು ಹಿತುಕಿದ ಬೇಳೆಯ ಸಾರನ್ನು ಯಾವ ಮಗುವೂ ಅಷ್ಟು ಸುಲಭವಾಗಿ ಬೇಡ ಅನ್ನುವುದಿಲ್ಲ. ಕಾಳು ಮೂಗಿಗೆ ಹೋಗದಂತೆ ಪಕ್ಕದಲ್ಲೇ ಕೂತಿರಿ.

ಗಂಟಲಿನ ಎಚ್ಚರ

ಇದೊಂದರಲ್ಲಿ ರಾಜಿ ಬೇಡ. 5 ವರ್ಷದವರೆಗೆ ಇಡೀ ಕಡಲೆಬೀಜ, ಗೋಡಂಬಿ, ಬಾದಾಮಿ, ಗಟ್ಟಿ ಚಿಕ್ಕಿ, ಪಾಪ್‌ಕಾರ್ನ್ ಕೊಡಬೇಡಿ, ಪುಡಿ ಮಾಡಿ ಬೆರೆಸಿ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಿ. ಹಸಿ ಕ್ಯಾರೆಟ್ ತುರಿದು ಕೊಡಿ. ಓಡಾಡುತ್ತಾ, ನಗುತ್ತಾ, ಕಾರಿನ ಹಿಂದಿನ ಸೀಟಲ್ಲಿ ಮಲಗಿಕೊಂಡು ತಿನ್ನುವುದು ಬೇಡ.

ಎಷ್ಟು ತಿಂದಿತು ಅಂತ ದಿನಾ ಅಳೆಯುವ ಬದಲು ತಿಂಗಳಿಗೊಮ್ಮೆ ತೂಕ ನೋಡಿ. ತಾಯಿ ಕಾರ್ಡಿನಲ್ಲಿ ಬೆಳವಣಿಗೆಯ ಗೆರೆ ಇರುತ್ತದೆ, ಅಂಗನವಾಡಿಯಲ್ಲಿ ತೂಗಿ ಗುರುತು ಹಾಕಿಕೊಡುತ್ತಾರೆ. ಗೆರೆ ಮೇಲಕ್ಕೆ ಹೋಗುತ್ತಿದ್ದು ಮಗು ಆಡಿಕೊಂಡಿದ್ದರೆ ಅದು ತಿನ್ನುವಷ್ಟು ತಿನ್ನುತ್ತಿದೆ. ಗೆರೆ ಇಳಿದರೆ, ಮಗು ಬಿಳಿಚಿಕೊಂಡರೆ, ಮಣ್ಣು ಸುಣ್ಣ ತಿನ್ನಲು ಶುರು ಮಾಡಿದರೆ ವೈದ್ಯರ ಹತ್ತಿರ ಹೋಗಿ.

ಇನ್ನು ಎಲ್‌ಕೆಜಿ ಡಬ್ಬಿ. ಅಲ್ಲಿ ಸಿಗುವ ಸಮಯ ಕಡಿಮೆ, ಮಾತು ಜಾಸ್ತಿ. ಸೋರದ, ಕಲಸಬೇಕಿಲ್ಲದ, ಒಂದೊಂದು ತುತ್ತಿನ ತಿಂಡಿ ಹಾಕಿ. ನಾಲ್ಕು ಪಡ್ಡು, ಸೀಬೆಹಣ್ಣಿನ ತೆಳು ಹೋಳು, ಅಷ್ಟೇ. ಚಿತ್ರಾನ್ನ ಕಟ್ಟುವುದಾದರೆ ಕಡಲೆಬೀಜ ಬಿಟ್ಟು ಒಗ್ಗರಣೆ ಹಾಕಿ. ಹೊಸ ಡಬ್ಬಿ ತಂದರೆ ಅದರ ಮುಚ್ಚಳ ಮಗುವಿಗೆ ತಾನೇ ತೆಗೆಯಲು ಬರುತ್ತದಾ ಅಂತ ಮನೆಯಲ್ಲೇ ಒಂದು ಸಲ ತೆಗೆಸಿ ನೋಡಿ. ತಿಂಡಿ ಇಷ್ಟವಿಲ್ಲ ಅಂತಲೇ ಡಬ್ಬಿ ತುಂಬಿಕೊಂಡು ವಾಪಸ್ ಬರುವುದಿಲ್ಲ, ಮುಚ್ಚಳ ಬಿಗಿಯಾಗಿದ್ದರೂ ಬರುತ್ತದೆ.