ಅಲ್ಲಾಡಿಸಿ ನೋಡಿ ಕೊಳ್ಳಿ: ಹೊರದೇಶಕ್ಕೆ ಹೊರಟವರಿಗೆ ವಿಪಿಎನ್ ವಿಚಾರ

ರಜೆಗೆಂದು ತಿಪಟೂರಿಗೆ ಬಂದು ಎಂಟು ದಿನವಾಯಿತು. ಅಷ್ಟರಲ್ಲೇ ಮೂವರು ಮನೆಗೆ ಬಂದು ಹೋದರು. ಒಬ್ಬಳು ತುಮಕೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿ ಅಕ್ಟೋಬರ್ ಹೊತ್ತಿಗೆ ಜರ್ಮನಿಗೆ ಹೊರಟವಳು. ಇನ್ನೊಬ್ಬ ಗುಬ್ಬಿಯ ಹುಡುಗ, ದುಬೈಗೆ. ಮೂರನೆಯವರು ಕೆನಡಾದಲ್ಲಿರುವ ಮಗನ ಪರವಾಗಿ ಬಂದ ತಂದೆ. ಕುಕ್ಕರ್ ಒಯ್ಯಬೇಕೇ, ಸಾರಿನ ಪುಡಿ ಎಷ್ಟು ಕೆ.ಜಿ. ಎಂಬ ವಿಚಾರಣೆಯೆಲ್ಲ ಮುಗಿದು, ಕಾಫಿ ಕುಡಿದು, ಚಪ್ಪಲಿ ಮೆಟ್ಟುವಾಗ ಮೂವರೂ ಸ್ವಲ್ಪ ದನಿ ತಗ್ಗಿಸಿ ಕೇಳಿದ್ದು ಒಂದೇ ಮಾತು: ಯಾವ ವಿಪಿಎನ್ ತೆಗೆದುಕೊಳ್ಳುವುದು? ಏನೋ ಕಳ್ಳ ವ್ಯವಹಾರ ಕೇಳಿದ ಹಾಗೆ. ಜರ್ಮನಿಯಲ್ಲಿ ಹದಿನಾಲ್ಕು ವರ್ಷ ಇದ್ದು, ಈ ಒಂದು ವಿಷಯದಲ್ಲಿ ಮಾಡಬಹುದಾದ ತಪ್ಪನ್ನೆಲ್ಲ ಮಾಡಿದವಳು ನಾನು. ಹಾಗಾಗಿ ಬರೆದೇ ಬಿಡುತ್ತೇನೆ.

ಉಳಿದ ಕಾಗದಪತ್ರದ ಮಾತು ಮೊದಲೇ ಮುಗಿಸುತ್ತೇನೆ. ಜರ್ಮನಿಗಾದರೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಣಿ, ಆರೋಗ್ಯ ವಿಮೆ, ಬ್ಯಾಂಕ್ ಖಾತೆ. ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಎಂದರೆ ಅನಿವಾಸಿಗಳ ಖಾತೆ, ಮಾಡಿಸಿ. ಊರಿನ ಸಿಮ್ ಸಾಯದಂತೆ ರೀಚಾರ್ಜ್ ಮಾಡುತ್ತಿರಿ, ಒಟಿಪಿ ಬರುವುದು ಅದಕ್ಕೇ.

ಈಗ ವಿಪಿಎನ್, ಎಂದರೆ ವರ್ಚುವಲ್ ಪ್ರೈವೇಟ್ ನೆಟ್‌ವರ್ಕ್. ಅದು ನಿಮ್ಮನ್ನು ಅದೃಶ್ಯ ಮಾಡುವ ಅಂಜನವಲ್ಲ. ನಿಮ್ಮ ಫೋನಿನಿಂದ ಆ ಕಂಪನಿಯ ಸರ್ವರ್‌ವರೆಗೆ ಗೂಢಲಿಪಿಯ ಒಂದು ಕೊಳವೆ ಎಳೆಯುತ್ತದೆ, ಅಷ್ಟೇ. ನೀವು ತೆರೆದ ತಾಣಕ್ಕೆ ಕಾಣುವುದು ನಿಮ್ಮ ಇಂಟರ್ನೆಟ್ ವಿಳಾಸ (ಐಪಿ) ಅಲ್ಲ, ಆ ಸರ್ವರ್‌ನದು, ಆ ಸರ್ವರ್‌ನ ದೇಶದ್ದು. ಇಂಟರ್ನೆಟ್ ಕೊಡುವವನಿಗೆ ಕೊಳವೆ ಕಾಣುತ್ತದೆ, ಒಳಗೆ ಹರಿಯುವುದು ಕಾಣುವುದಿಲ್ಲ. ಆದರೆ ಕೊಳವೆಯ ಆ ತುದಿಯಲ್ಲಿ ಕುಳಿತವನಿಗೆ ನೀವು ಯಾವ ಯಾವ ಜಾಲತಾಣದ ಬಾಗಿಲು ತಟ್ಟಿದಿರಿ ಎಂಬುದು ಕಾಣುತ್ತದೆ. ಒಬ್ಬನ ಕಣ್ಣು ತಪ್ಪಿಸಿ ಇನ್ನೊಬ್ಬನ ಕಣ್ಣಿಗೆ ಬೀಳುವುದು. ಆ ಇನ್ನೊಬ್ಬ ಯಾರು ಎಂದು ವಿಚಾರಿಸುವುದೇ ವಿಪಿಎನ್ ಆಯ್ಕೆ. ನನಗೆ ಇದು ತಿಳಿಯಲು ನಾಲ್ಕು ವರ್ಷ ಬೇಕಾಯಿತು.

ಹೋದ ಹೊಸದರಲ್ಲಿ ನಾನು ಹಾಕಿಕೊಂಡದ್ದು ಪುಕ್ಕಟೆಯದು. ನಮ್ಮವರಿಗೆ ಪುಕ್ಕಟೆ ಎಂದರೆ ಕಣ್ಣು ಮುಚ್ಚಿಹೋಗುತ್ತದೆ, ನನಗೂ ಹೋಯಿತು. ಫೋನ್ ಬಿಸಿಯಾಗುತ್ತಿತ್ತು, ಎಲ್ಲಿ ನೋಡಿದರೂ ಜಾಹೀರಾತು, ಆದರೂ ತೆಗೆಯಲಿಲ್ಲ. ಒಂದು ಸಂಜೆ ಅದನ್ನು ಆಫ್ ಮಾಡದೆ ಊರಿನ ಬ್ಯಾಂಕ್ ಖಾತೆ ತೆರೆದೆ. ಬೆಳಗ್ಗೆ ಜರ್ಮನಿಯಲ್ಲಿದ್ದವಳು ಸಂಜೆಗೆ ಬ್ರೆಜಿಲ್‌ನಿಂದ ಬಂದಂತೆ ಬ್ಯಾಂಕಿನವರಿಗೆ ಕಂಡಿತು. ಖಾತೆ ಸ್ತಬ್ಧ. ಅಪ್ಪ ಬಿಸಿಲಿನಲ್ಲಿ ಮೂರು ಸಲ ಶಾಖೆಗೆ ಅಲೆದರು. "ನಿಮ್ಮ ಮಗಳು ಯಾವ ದೇಶದಲ್ಲಿದ್ದಾರೆ ಎಂದು ಮೊದಲು ಅವರನ್ನೇ ಕೇಳಿ ಯಜಮಾನರೇ" ಎಂದು ಕೌಂಟರಿನಲ್ಲಿ ಯಾರೋ ನಕ್ಕರಂತೆ. ಅಪ್ಪ ಅದನ್ನು ನನಗೆ ಹೇಳಲಿಲ್ಲ, ಅಮ್ಮ ಹೇಳಿದಳು. ಅಂದಿನಿಂದ ನನ್ನ ನಿಯಮ: ಹಣದ ವ್ಯವಹಾರಕ್ಕೆ ಕೂರುವ ಮುನ್ನ ವಿಪಿಎನ್ ಆಫ್ ಮಾಡುವುದು, ಇಲ್ಲವೇ ಬ್ಯಾಂಕಿನ ಆ್ಯಪ್ ಮಾತ್ರ ಕೊಳವೆಯ ಹೊರಗೆ ಓಡಾಡುವಂತೆ ಮಾಡುವುದು. ಒಳ್ಳೆಯ ಸೇವೆಗಳಲ್ಲಿ ಇದಕ್ಕೆ ಸ್ಪ್ಲಿಟ್ ಟನೆಲಿಂಗ್ ಎಂಬ ಸೌಲಭ್ಯ ಇರುತ್ತದೆ.

ಪುಕ್ಕಟೆಯವರು ಹೊಟ್ಟೆಗೇನು ತಿನ್ನುತ್ತಾರೆ ಎಂದು ಆಗ ಕೇಳಿಕೊಳ್ಳಬೇಕಿತ್ತು. 2015ರಲ್ಲಿ ಹೋಲಾ ಎಂಬ ಪುಕ್ಕಟೆ ಸೇವೆಯ ಬಗ್ಗೆ ದೊಡ್ಡ ಗದ್ದಲವಾಯಿತು. ಬಳಕೆದಾರರ ಇಂಟರ್ನೆಟ್ ಸಂಪರ್ಕವನ್ನೇ ಅದು ಬೇರೆಯವರಿಗೆ ಮಾರುತ್ತಿತ್ತು. ಎಂದರೆ ನಿಮ್ಮ ಮನೆಯ ಐಪಿ ವಿಳಾಸದಿಂದ ಯಾರೋ ಏನೋ ಮಾಡಬಹುದಿತ್ತು. ಫೇಸ್‌ಬುಕ್‌ನ ಒನಾವೊ ಎಂಬ ಆ್ಯಪ್ ರಕ್ಷಣೆಯ ಹೆಸರಿನಲ್ಲಿ, ಜನ ಯಾವ ಆ್ಯಪ್ ಎಷ್ಟು ಬಳಸುತ್ತಾರೆ ಎಂಬ ಲೆಕ್ಕ ಒಯ್ಯುತ್ತಿತ್ತು. 2018ರಲ್ಲಿ ಅದು ಆ್ಯಪಲ್‌ನ ಅಂಗಡಿಯಿಂದ ಹೊರಬಿತ್ತು. ಎಲ್ಲ ಪುಕ್ಕಟೆಯೂ ಮೋಸವಲ್ಲ. ಸ್ವಿಟ್ಜರ್ಲೆಂಡಿನ ಪ್ರೋಟಾನ್ ಡೇಟಾ ಮಿತಿಯಿಲ್ಲದ ಉಚಿತ ಯೋಜನೆ ಇಟ್ಟಿದೆ. ಹಣ ಕೊಡುವವರ ಲಾಭದಲ್ಲಿ ಅದು ನಡೆಯುತ್ತದೆ. ಆದರೆ ಉಚಿತದಲ್ಲಿ ದೇಶ ಆರಿಸುವಂತಿಲ್ಲ, ಧಾರಾವಾಹಿಗೆ ಅದು ಒದಗುವುದಿಲ್ಲ.

ಧಾರಾವಾಹಿ ಎಂದರೆ ಅಮ್ಮ ನೆನಪಾಗುತ್ತಾಳೆ. ಮೊಮ್ಮಗಳನ್ನು ನೋಡಲು ಮೂರು ತಿಂಗಳ ವೀಸಾದಲ್ಲಿ ಬಂದಿದ್ದಳು. ಎರಡನೆಯ ದಿನವೇ ಸೋಫಾದ ಮೇಲೆ ಕಾಲು ಮಡಚಿ ಕುಳಿತು, "ಇದೇನೇ, ಗೋಡೆಯಷ್ಟಗಲ ಟಿವಿ ಇಟ್ಟುಕೊಂಡು ಒಂದು ಕನ್ನಡ ಮಾತಿಲ್ಲವಲ್ಲ" ಎಂದಳು. ನಾನು ಸೀದಾ ವಿಪಿಎನ್ ಹುಡುಕಲು ಹೊರಟೆ. ಇದೂ ತಪ್ಪು. ಮೊದಲು ನೋಡಬೇಕಾದದ್ದು, ಆ ಕಾರ್ಯಕ್ರಮ ನೀವಿರುವ ದೇಶದಲ್ಲೇ ನ್ಯಾಯವಾಗಿ ಚಂದಾ ಕಟ್ಟಿದರೆ ಸಿಗುತ್ತದೆಯೇ ಎಂದು. ನಮ್ಮ ಕೆಲವು ವಾಹಿನಿಗಳು ಹೊರದೇಶದವರಿಗೇ ಬೇರೆ ಚಂದಾ ಇಟ್ಟಿವೆ. ಸಿಗುವುದಾದರೆ ವಿಪಿಎನ್‌ನ ಗೊಡವೆಯೇ ಬೇಡ. ಪ್ರಸಾರದ ಹಕ್ಕನ್ನು ದೇಶವಾರು ಮಾರಿರುತ್ತಾರೆ, ಆದ್ದರಿಂದ ಬೇಲಿ. ಜರ್ಮನಿಯಲ್ಲಿ ವಿಪಿಎನ್ ಬಳಸುವುದು ಕಾನೂನಿನ ಪ್ರಕಾರ ತಪ್ಪಲ್ಲ, ಆದರೆ ಅದರಿಂದ ಬೇಲಿ ದಾಟುವುದು ಆ ಸ್ಟ್ರೀಮಿಂಗ್ ಕಂಪನಿಯ ಷರತ್ತಿಗೆ ಸಾಮಾನ್ಯವಾಗಿ ವಿರುದ್ಧ. ಅವರು ಪತ್ತೆ ಹಚ್ಚಿ ಪರದೆ ಕಪ್ಪು ಮಾಡಿದರೆ ಜಗಳಕ್ಕೆ ಹೋಗಲು ನಿಮಗೆ ಮುಖವಿಲ್ಲ.

ನಾನು ಅದೊಂದನ್ನೂ ನೋಡಲಿಲ್ಲ. ಶೇಕಡಾ ಎಂಬತ್ತರ ರಿಯಾಯಿತಿ, ಮೂರು ವರ್ಷದ ಯೋಜನೆ, ಪಕ್ಕದಲ್ಲಿ ಹಿಂದೆ ಹಿಂದೆ ಓಡುವ ಗಡಿಯಾರ. ಜಾತ್ರೆಯಲ್ಲಿ ಬಳೆ ಕೊಂಡಂತೆ ಕೊಂಡೆ. ಆಮೇಲೆ ನೋಡಿದರೆ ನಮ್ಮ ಟಿವಿಗೆ ಆ ಆ್ಯಪ್ ಕೂರುವುದೇ ಇಲ್ಲ. ಆಂಡ್ರಾಯ್ಡ್ ಟಿವಿ, ಫೈರ್ ಸ್ಟಿಕ್ ಇದ್ದರೆ ಸಲೀಸು. ಬೇರೆ ಹಲವು ಸ್ಮಾರ್ಟ್ ಟಿವಿಗಳಲ್ಲಿ ರೌಟರಿಗೇ ವಿಪಿಎನ್ ಹಾಕಬೇಕು, ಎಲ್ಲ ರೌಟರೂ ಒಪ್ಪುವುದಿಲ್ಲ. ಲ್ಯಾಪ್‌ಟಾಪಿನಿಂದ ತಂತಿ ಎಳೆದು ಹೇಗೋ ತೋರಿಸಿದೆ. ಆರು ತಿಂಗಳಿಗೆ ಆ ಸೇವೆಯ ಭಾರತದ ಸರ್ವರ್ ಯಾವುದನ್ನೂ ತೆರೆಯದಾಯಿತು. ಉಳಿದ ಎರಡೂವರೆ ವರ್ಷದ ಹಣ ನೀರಿಗೆ ಬಿತ್ತು. ಮೂರು ವರ್ಷ ತುಂಬಿದ ದಿನ ಮೊದಲಿನ ದುಪ್ಪಟ್ಟಿಗೂ ಹೆಚ್ಚು ಹಣ ಕಾರ್ಡಿನಿಂದ ತಾನಾಗಿ ಕಡಿತವಾಯಿತು. ತಾನಾಗಿ ನವೀಕರಣ ಎಂಬ ಗುರುತನ್ನು ಕೊಂಡ ದಿನವೇ ತೆಗೆಯಿರಿ. ಮೊದಲು ಒಂದು ತಿಂಗಳಿಗೆ ಕೊಳ್ಳಿ, ದುಬಾರಿ ಎನಿಸಿದರೂ. ಹಲವರು ಮೂವತ್ತು ದಿನದೊಳಗೆ ಹಣ ವಾಪಸ್ ಕೊಡುತ್ತಾರೆ. ಆ ಮೂವತ್ತು ದಿನದಲ್ಲಿ ನಿಮಗೆ ಬೇಕಾದ ಕಾರ್ಯಕ್ರಮವನ್ನು, ನಿಮಗೆ ಬೇಕಾದ ಹೊತ್ತಿನಲ್ಲಿ, ನಿಮ್ಮದೇ ಟಿವಿಯಲ್ಲಿ ಹಾಕಿ ನೋಡಿ.

ಹೇಳಬೇಕಾದ ಇನ್ನೊಂದು ಮಾತಿದೆ. ಅಷ್ಟು ಒದ್ದಾಡಿ ತೋರಿಸಿದ ಧಾರಾವಾಹಿಯನ್ನು ಅಮ್ಮ ಮೂರು ದಿನ ನೋಡಿ ನಾಲ್ಕನೆಯ ದಿನ ಎದ್ದುಹೋದಳು. "ಪಕ್ಕದ ಮನೆಯವರಿಲ್ಲದೆ ಏನು ನೋಡುವುದು?" ಹೌದಲ್ಲ. ಧಾರಾವಾಹಿಯ ಅರ್ಧ ಇರುವುದು ಮರುದಿನ ಬೆಳಗ್ಗೆ ಕಾಂಪೌಂಡಿನ ಆಚೆ ಈಚೆ ನಿಂತು ಅತ್ತೆಯ ಪಾತ್ರಕ್ಕೆ ಶಾಪ ಹಾಕುವುದರಲ್ಲಿ. ಕೊನೆಗೆ ಪಕ್ಕದ ಮನೆಯವರಿಗೆ ವಾಟ್ಸ್‌ಆ್ಯಪ್ ಕರೆ ಮಾಡಿ, ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟೆವು. ಅಲ್ಲಿ ಸಂಜೆ ಏಳು, ನಮ್ಮಲ್ಲಿ ಬೇಸಿಗೆಯ ಮೂರೂವರೆ, ಸುಡುಬಿಸಿಲು. ವಿಪಿಎನ್ ದಾಟಿ ಬರುವ ಚಿತ್ರ ಅರ್ಧ ನಿಮಿಷ ಹಿಂದೆ. ಅಲ್ಲಿ ಅವರು "ಅಯ್ಯೋ ಪಾಪಿ" ಎಂದು ಅರ್ಧ ನಿಮಿಷಕ್ಕೆ ಇಲ್ಲಿ ಸೊಸೆಯ ಕೆನ್ನೆಗೆ ಏಟು ಬೀಳುತ್ತಿತ್ತು. ಅಮ್ಮ ಆ ಅರ್ಧ ನಿಮಿಷ ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ನನ್ನ ಮಗಳು ಕನ್ನಡ ಕಲಿತದ್ದು ಆ ಮೂರು ತಿಂಗಳಲ್ಲಿ. ಹಾಲು ಕುಡಿ ಎಂದರೆ ಕಣ್ಣು ಕೆಂಪಗೆ ಮಾಡಿ "ನಿನ್ನನ್ನು ಸುಮ್ಮನೆ ಬಿಡುವುದಿಲ್ಲ" ಎನ್ನುತ್ತಿದ್ದಳು. ಕನ್ನಡ ಶಾಲೆ ಹುಡುಕುತ್ತ ಎರಡು ವರ್ಷ ಕಳೆದವಳು ನಾನು. ಆಗಿದ್ದು ಆಗಲಿ, ಕ್ರಿಯಾಪದವಾದರೂ ಸರಿಯಿದೆ ಎಂದು ಸಮಾಧಾನಪಟ್ಟೆ.

ಎಲ್ಲಕ್ಕಿಂತ ದುಬಾರಿ ತಪ್ಪು ಸಿನಿಮಾದ್ದು. ಮನೆಗೆ ಅತಿಥಿಗಳಿದ್ದರು, ಯಾರೋ ಹೇಳಿದ ಒಂದು ಆ್ಯಪ್‌ನಲ್ಲಿ ಹಿಂದಿ ಸಿನಿಮಾ ಹಾಕಿದೆ. ವಿಪಿಎನ್ ಆನ್ ಇತ್ತು, ಧೈರ್ಯವಿತ್ತು. ನನಗೆ ಗೊತ್ತಿಲ್ಲದ್ದು ಎರಡು. ಆ ಆ್ಯಪ್ ಟೊರೆಂಟ್‌ನಿಂದ, ಎಂದರೆ ಬಳಕೆದಾರರು ಒಬ್ಬರಿಂದೊಬ್ಬರು ಹಂಚಿಕೊಳ್ಳುವ ಜಾಲದಿಂದ, ಎಳೆಯುತ್ತದೆ, ಎಳೆಯುತ್ತಲೇ ಬೇರೆಯವರಿಗೆ ಹಂಚುತ್ತದೆ. ನಾನು ನೋಡುತ್ತಿದ್ದೇನೆ ಎಂದುಕೊಂಡಿದ್ದೆ, ಕಾನೂನಿನ ಕಣ್ಣಿಗೆ ಹಂಚುತ್ತಿದ್ದೆ. ಎರಡನೆಯದು, ನಡುವೆ ವಿಪಿಎನ್ ಸಂಪರ್ಕ ಕಡಿದು ಬಿದ್ದಿತ್ತು. ಸಂಪರ್ಕ ಕಡಿದರೆ ಇಂಟರ್ನೆಟ್ಟನ್ನೇ ನಿಲ್ಲಿಸುವ ಕಿಲ್ ಸ್ವಿಚ್ ನನ್ನದರಲ್ಲಿ ಇತ್ತು, ನಾನು ಒತ್ತಿರಲಿಲ್ಲ. ಕೆಲವು ವಾರಕ್ಕೆ ವಕೀಲರ ಪತ್ರ ಬಂತು, ದಿನಾಂಕ, ಗಂಟೆ, ನಿಮಿಷದ ಸಮೇತ, 915 ಯೂರೋ ಕಟ್ಟಿ ಎಂದು. ಜರ್ಮನಿಯಲ್ಲಿ ಇದಕ್ಕೆ ಅಬ್‌ಮಾನುಂಗ್ ಎನ್ನುತ್ತಾರೆ. ಅಲ್ಲಿನ ನಮ್ಮ ವಿದ್ಯಾರ್ಥಿಗಳಲ್ಲಿ ಇದರ ಹೆಸರು ಕೇಳದವರು ಎಂದರೆ ಬಂದು ವರ್ಷ ತುಂಬದವರು ಮಾತ್ರ. ವಿಪಿಎನ್ ಇದೆ ಎಂದು ಕದ್ದ ಮಾಲು ನೋಡಬೇಡಿ. ನೀತಿಯ ಮಾತು ಬೇಡವೆಂದರೆ ಲೆಕ್ಕದ ಮಾತನ್ನಾದರೂ ಕೇಳಿ: ಆ ಹಣಕ್ಕೆ ಎಷ್ಟೋ ವರ್ಷದ ಚಂದಾ ಬರುತ್ತಿತ್ತು.

ಆಮೇಲೆ ಬುದ್ಧಿ ಬಂದು ಓದತೊಡಗಿದೆ. ಓದಿದಾಗ ತಿಳಿದದ್ದು, ಅತ್ಯುತ್ತಮ ವಿಪಿಎನ್ ಪಟ್ಟಿಗಳನ್ನು ನಂಬಲಾಗದು ಎಂದು. ಪಟ್ಟಿ ಬರೆದವರಿಗೆ ನೀವು ಕೊಂಡರೆ ದಲ್ಲಾಳಿ ಹಣ ಸಿಗುತ್ತದೆ. ಕೇಪ್ ಎಂಬ ಕಂಪನಿ ಸೈಬರ್‌ಗೋಸ್ಟ್, ಪ್ರೈವೇಟ್ ಇಂಟರ್ನೆಟ್ ಆ್ಯಕ್ಸೆಸ್ ಎಂಬ ವಿಪಿಎನ್‌ಗಳನ್ನು ಕೊಂಡಿದ್ದಲ್ಲದೆ, 2021ರಲ್ಲಿ ವಿಪಿಎನ್‌ಗಳಿಗೆ ಅಂಕ ಕೊಡುವ ತಾಣಗಳನ್ನೂ ಕೊಂಡಿತು. ಅದೇ ವರ್ಷ ಎಕ್ಸ್‌ಪ್ರೆಸ್‌ವಿಪಿಎನ್ ಅನ್ನು ಸುಮಾರು 93 ಕೋಟಿ 60 ಲಕ್ಷ ಡಾಲರಿಗೆ ಕೊಂಡಿತು. ಮಂಡಿಯ ಯಜಮಾನನೇ ತಕ್ಕಡಿಯನ್ನೂ ಹಿಡಿದಂತೆ.

ಹಾಗಾದರೆ ಹೇಗೆ ನಂಬುವುದು? ನಮ್ಮ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿಸುತ್ತೇವೆ. ಹೊರಗಿನಿಂದ ಎಲ್ಲ ಕಾಯಿಯೂ ಒಂದೇ. ನನ್ನ ಅಜ್ಜ ಒಂದೊಂದನ್ನೇ ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಿದ್ದರು. ಗಿಟುಕು ಕಳಚಿಕೊಂಡು ಲೊಟಲೊಟ ಎಂದರೆ ಉಂಡೆ ಕೊಬ್ಬರಿ ಸಿದ್ಧ. ಆದರೂ ಒಡೆಯುವವರೆಗೆ ಕೌಟು ಹಿಡಿದಿದೆಯೋ ಇಲ್ಲವೋ ಖಾತ್ರಿಯಿಲ್ಲ. ವಿಪಿಎನ್‌ನವರ "ನಾವು ಯಾವ ದಾಖಲೆಯನ್ನೂ ಇಡುವುದಿಲ್ಲ" ಎಂಬ ಮಾತು ಒಡೆಯದ ಕಾಯಿ. ಡೆಲಾಯ್ಟ್, ಕೆಪಿಎಂಜಿಯಂಥ ಹೊರಗಿನ ಲೆಕ್ಕಪರಿಶೋಧಕರಿಂದ ತಪಾಸಣೆ ಮಾಡಿಸಿ ವರದಿ ಪ್ರಕಟಿಸಿದ್ದರೆ ಅದು ಕಿವಿಯ ಬಳಿ ಅಲ್ಲಾಡಿಸಿದಂತೆ. ಒಡೆದು ನೋಡಿದ ಪ್ರಸಂಗಗಳೂ ಇವೆ. 2020ರಲ್ಲಿ, ದಾಖಲೆ ಇಡುವುದಿಲ್ಲ ಎಂದು ಹೇಳಿಕೊಂಡಿದ್ದ ಹಾಂಗ್‌ಕಾಂಗ್‌ನ ಕೆಲವು ಪುಕ್ಕಟೆ ಸೇವೆಗಳ ಬಳಕೆದಾರರ ದಾಖಲೆ ರಾಶಿಗಟ್ಟಲೆ ಬಯಲಲ್ಲಿ ಬಿದ್ದಿತ್ತು. 2023ರ ಏಪ್ರಿಲ್‌ನಲ್ಲಿ ಸ್ವೀಡನ್ ಪೊಲೀಸರು ಮುಲ್ವಾಡ್ ಎಂಬ ವಿಪಿಎನ್ ಕಂಪನಿಯ ಗೊಟೆನ್‌ಬರ್ಗ್ ಕಚೇರಿಗೆ ಶೋಧನೆಗೆ ಹೋಗಿ, ಕೊಂಡೊಯ್ಯಲು ಏನೂ ಇಲ್ಲವೆಂದು ಬರಿಗೈಯಲ್ಲಿ ಹಿಂದಿರುಗಿದರು. ಮುಲ್ವಾಡ್ ತಿಂಗಳಿಗೆ 5 ಯೂರೋ, ಎಲ್ಲರಿಗೂ ಒಂದೇ ಬೆಲೆ, ಇಮೇಲ್ ಕೂಡ ಕೇಳುವುದಿಲ್ಲ. ಸುಮ್ಮನೆ ಬ್ರೌಸಿಂಗ್‌ಗೆ ನನ್ನ ಆಯ್ಕೆ ಅದು. ಧಾರಾವಾಹಿಗೆ ಅಲ್ಲ.

ಭಾರತದ ವಿಳಾಸ ಬೇಕೆನ್ನುವವರಿಗೆ ಒಂದು ವಿಚಿತ್ರ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್, ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ ಮುಂತಾದವನ್ನು ಐದು ವರ್ಷ ಇಟ್ಟುಕೊಳ್ಳಬೇಕು ಎಂದು ಆದೇಶಿಸಿತು. ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್, ಸರ್ಫ್‌ಶಾರ್ಕ್, ಪ್ರೋಟಾನ್ ಎಲ್ಲವೂ ಭಾರತದಿಂದ ಯಂತ್ರಗಳನ್ನು ಎತ್ತಿಕೊಂಡು ಹೋದವು. ಈಗ ಹಲವರ ಪಟ್ಟಿಯಲ್ಲಿ ಇಂಡಿಯಾ ಎಂದು ಕಾಣುವುದು ಸಿಂಗಪುರದಲ್ಲೋ ಬ್ರಿಟನ್‌ನಲ್ಲೋ ಕುಳಿತು ಭಾರತದ ಐಪಿ ವಿಳಾಸ ತೊಟ್ಟುಕೊಂಡ ಯಂತ್ರ. ಅಲ್ಲಿಯೂ ನಮ್ಮಂಥವರೇ. ಹಾಗಾಗಿ ಕೊಳ್ಳುವ ಮುನ್ನ ಭಾರತದ ವಿಳಾಸ ಸಿಗುತ್ತದೆಯೇ ಎಂದು ಕೇಳಿ. ಪ್ರೋಟೊಕಾಲ್‌ನಲ್ಲಿ, ಎಂದರೆ ಕೊಳವೆ ಎಳೆಯುವ ವಿಧಾನದಲ್ಲಿ, ವೈರ್‌ಗಾರ್ಡ್ ಇದ್ದರೆ ಅದನ್ನೇ ಆಯ್ದುಕೊಳ್ಳಿ, ಚಿತ್ರ ತಡವರಿಸುವುದು ಕಡಿಮೆ. ಪಿಪಿಟಿಪಿ ಎಂಬುದು ಕಂಡರೆ ಮುಟ್ಟಬೇಡಿ, ಹಳತು, ತೂತು ಬಿದ್ದದ್ದು.

ದುಬೈಗೆ ಹೊರಟ ಗುಬ್ಬಿಯ ಹುಡುಗನಿಗೆ ಬೇರೆಯೇ ಹೇಳಿದೆ. ಯುಎಇಯಲ್ಲಿ ಅಪರಾಧ ಮಾಡಲು ಅಥವಾ ಮುಚ್ಚಿಡಲು ವಿಪಿಎನ್ ಬಳಸಿದರೆ ದಂಡ 5 ಲಕ್ಷದಿಂದ 20 ಲಕ್ಷ ದಿರ್ಹಂವರೆಗೆ ಇದೆ, ಜೈಲೂ ಇದೆ. ಮನೆಗೆ ವಾಟ್ಸ್‌ಆ್ಯಪ್ ಕರೆ ಹೋಗುವುದಿಲ್ಲ ಎಂದು ರೂಮಿನವರು ಏನಾದರೂ ಹಾಕಿಕೊಟ್ಟರೆ ಹಾಕಿಸಿಕೊಳ್ಳಬೇಡ, ಅಲ್ಲಿ ಅನುಮತಿ ಇರುವ ಆ್ಯಪ್ ಯಾವುದೆಂದು ಕೇಳಿ ಅದರಲ್ಲೇ ಮಾತಾಡು ಎಂದೆ. ಅವನ ತಾಯಿ ಪಕ್ಕದಲ್ಲಿದ್ದರು, "ವಾರಕ್ಕೊಂದು ಸಲ ದನಿ ಕೇಳಿದರೆ ಸಾಕಮ್ಮ, ಮುಖ ನೋಡಲೇಬೇಕೆಂದೇನಿಲ್ಲ" ಎಂದರು. ಮೊದಲ ತಿಂಗಳು ಎಲ್ಲ ತಾಯಂದಿರೂ ಹಾಗೆಯೇ ಹೇಳುತ್ತಾರೆ.

ದಿನದ ಬಳಕೆಗೆ ವಿಪಿಎನ್ ಬೇಕೇ ಬೇಕೇ? ಜಾಹೀರಾತು ಹೆದರಿಸುವಷ್ಟು ಇಲ್ಲ. ಈಗ ಬಹುತೇಕ ತಾಣಗಳು ಎಚ್‌ಟಿಟಿಪಿಎಸ್ ಎಂಬ ಗೂಢಲಿಪಿಯ ವ್ಯವಸ್ಥೆಯಲ್ಲೇ ನಡೆಯುವುದರಿಂದ ವಿಮಾನ ನಿಲ್ದಾಣದ ವೈಫೈನಲ್ಲೂ ನಿಮ್ಮ ಪಾಸ್‌ವರ್ಡ್ ಬೀದಿಗೆ ಬೀಳುವುದಿಲ್ಲ. ಪೊಲೀಸರೆಂದು ಹೇಳಿ ವಿಡಿಯೊ ಕರೆ ಮಾಡಿ ಹಣ ಕೀಳುವವನಿಂದ ಯಾವ ವಿಪಿಎನ್ ಕೂಡ ಕಾಪಾಡುವುದಿಲ್ಲ.

ನಿನ್ನೆ ಮಧ್ಯಾಹ್ನ ಇಲ್ಲಿ ಕರೆಂಟು ಹೋಗಿತ್ತು. ಮಗಳು ಜಗಲಿಯ ಮೇಲೆ ಅಜ್ಜಿಯ ತೊಡೆಗೆ ತಲೆಯಿಟ್ಟು ಟ್ಯಾಬ್ ಹಿಡಿದುಕೊಂಡಿದ್ದಳು. ಅವಳು ನೋಡುವ ಜರ್ಮನ್ ಕಾರ್ಯಕ್ರಮ ಭಾರತದಲ್ಲಿ ತೆರೆಯುವುದಿಲ್ಲವಂತೆ. ನಮ್ಮ ವಿಪಿಎನ್‌ನಲ್ಲಿ ಬೇಕಾದ ಸರ್ವರ್‌ಗೆ ನಮ್ಮದೇ ಹೆಸರಿಟ್ಟು ಉಳಿಸಿಕೊಳ್ಳಬಹುದು. ಇಂಡಿಯಾ ಸರ್ವರ್‌ಗೆ ನಾನು "ಮನೆ" ಎಂದು ಹೆಸರಿಟ್ಟು ಆರು ವರ್ಷವಾಗಿದೆ. ಬಗ್ಗಿ ನೋಡಿದೆ. ನನ್ನ "ಮನೆ"ಯ ಕೆಳಗೆ ಹೊಸದೊಂದು ಸಾಲು, ಫ್ರಾಂಕ್‌ಫರ್ಟ್‌ನದು. ಅದಕ್ಕೂ ಅವಳು ಕನ್ನಡದಲ್ಲೇ, ಅಜ್ಜಿಯಿಂದ ಅಕ್ಷರ ಹೇಳಿಸಿಕೊಂಡು, "ಮನೆ" ಎಂದೇ ಬರೆದಿದ್ದಳು. ಯಾವ ಮನೆ ಯಾವುದು ಎಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. "ಕೆಳಗಿನದು ನನ್ನದು ಅಮ್ಮಾ" ಎಂದು ಒತ್ತಿದಳು.