ಮಳೆಗಾಲಕ್ಕೆ ಮೊದಲು ಹೊಸ ಕಾರನ್ನು ಕೈಗೆ ಕಲಿಸುವುದು ಹೇಗೆ

ವಿರಾಜಪೇಟೆಯಲ್ಲಿ ನಾನು ಡ್ರೈವಿಂಗ್ ಕಲಿಸುತ್ತೇನೆ. ಮೊದಲೆಲ್ಲ ಬರುತ್ತಿದ್ದವರು ಕ್ಲಚ್ ಬಿಡಲು ಬಾರದ ಹೊಸಬರು. ಈಗ ಇನ್ನೊಂದು ಬಗೆಯವರೂ ಬರುತ್ತಾರೆ. ಲೈಸೆನ್ಸ್ ಹಳೆಯದು, ತೋಟದಲ್ಲಿ ಜೀಪು ಓಡಿಸಿ ಪಳಗಿದ ಕೈ. ಆದರೆ ಮನೆಗೆ ಹೊಸ ಕಾರು ಬಂದಿದೆ. ಒಳಗೆ ದೊಡ್ಡ ಸ್ಕ್ರೀನ್, ಬಟನ್‌ಗಳು ಬೆರಳೆಣಿಕೆಯಷ್ಟು. "ಅಕ್ಕಾ, ಗ್ಲಾಸ್ ಮಂಜಾದ್ರೆ ಎಲ್ಲಿ ಒತ್ತಬೇಕು ಅಂತ ಹುಡುಕೋಷ್ಟರಲ್ಲಿ ತಿರುವು ಬಂದುಬಿಡುತ್ತೆ" ಅನ್ನುತ್ತಾರೆ. ಅವರಿಗೆ ಹೇಳಿಕೊಡುವುದನ್ನೇ ಇಲ್ಲಿ ಬರೆದಿದ್ದೇನೆ.

ನಮ್ಮ ರಸ್ತೆಗಳಲ್ಲಿ ಐದು ಕೆಲಸಗಳು ಕಣ್ಣು ಕದಲಿಸದೆ ಆಗಬೇಕು. ವೈಪರ್. ಹೆಡ್‌ಲೈಟ್ ಮತ್ತು ಡಿಮ್-ಡಿಪ್. ಮುಂದಿನ ಗ್ಲಾಸಿನ ಮಂಜು ತೆಗೆಯುವುದು. ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಹಾಕುವುದು. ಹಾರ್ನ್. ಹಾಡು, ಮ್ಯಾಪು, ಫೋನಿನ ಹೆಸರುಗಳು ಸ್ಕ್ರೀನ್ ಒಳಗೆ ಇರಲಿ, ನನ್ನ ತಕರಾರಿಲ್ಲ. ಈ ಐದು ಮಾತ್ರ ಕೈಯಲ್ಲಿ ಇರಬೇಕು.

ಗಂಟೆಗೆ 40 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಎರಡು ಸೆಕೆಂಡು ಸ್ಕ್ರೀನ್ ನೋಡಿದರೆ 22 ಮೀಟರ್. ಇಲ್ಲಿಂದ ಕೇರಳದ ಕಡೆ ಇಳಿಯುವ ಮಾಕುಟ್ಟ ಘಾಟಿಯಲ್ಲಿ ಅಷ್ಟು ದೂರ ನೇರವಾಗಿ ಕಾಣುವ ಜಾಗವೇ ಕಡಿಮೆ. 2022ರಲ್ಲಿ ಸ್ವೀಡನ್ನಿನ 'ವಿ ಬಿಲೆಗಾರೆ' ಎಂಬ ಕಾರು ಪತ್ರಿಕೆ ಇದನ್ನು ಅಳೆದು ನೋಡಿತು. ಗಂಟೆಗೆ 110 ಕಿ.ಮೀ. ವೇಗದಲ್ಲಿ ನಾಲ್ಕು ಸಣ್ಣ ಕೆಲಸ ಮಾಡಿಸಿದರು. ಬಟನ್‌ಗಳೇ ಇದ್ದ 2005ರ ವೋಲ್ವೊ ವಿ70ಯಲ್ಲಿ 10 ಸೆಕೆಂಡಿನಲ್ಲಿ ಮುಗಿಯಿತು. ಎಂಜಿ ಮಾರ್ವೆಲ್ ಆರ್ ಎಂಬ ಟಚ್‌ಸ್ಕ್ರೀನ್ ಕಾರಿನಲ್ಲಿ 44.9 ಸೆಕೆಂಡು ಬೇಕಾಯಿತು. ಅಷ್ಟರಲ್ಲಿ ಕಾರು 1,372 ಮೀಟರ್ ಓಡಿತ್ತು. ಪರೀಕ್ಷೆಗೆ ಮೊದಲು ಆ ಕಾರುಗಳನ್ನು ತಿಳಿದುಕೊಳ್ಳಲು ಚಾಲಕರಿಗೆ ಸಮಯವನ್ನೂ ಕೊಟ್ಟಿದ್ದರು.

ಕೊಳ್ಳುವ ಮೊದಲು

ಶೋರೂಮಿನವರು ಟೆಸ್ಟ್ ಡ್ರೈವ್ ಕೊಡುವುದು ಒಣ, ಸಪಾಟು ರಸ್ತೆಯಲ್ಲಿ. ಕುಶಾಲನಗರ, ಮೈಸೂರು ಕಡೆಯಾದರಂತೂ ಕೇಳುವುದೇ ಬೇಡ. ಹಾಗಾಗಿ ನಿಂತ ಕಾರಿನಲ್ಲೇ ಪರೀಕ್ಷೆ ಮಾಡಿ. ಎಂಜಿನ್ ಆನ್ ಇರಲಿ. ಎದುರಿನ ಗೋಡೆಯ ಮೇಲೆ ಒಂದು ಗುರುತು ಹಿಡಿದು, ಕಣ್ಣು ಅಲ್ಲೇ ಇಟ್ಟು ಆ ಐದೂ ಕೆಲಸ ಮಾಡಿ. ಆಮೇಲೆ ಬೆರಳು ಒದ್ದೆ ಮಾಡಿಕೊಂಡು ಇನ್ನೊಮ್ಮೆ ಮಾಡಿ. ಇದು ತುಂಬಾ ಮುಖ್ಯ. ಬೆರಳು ತಾಗಿದಾಗ ಆಗುವ ಸಣ್ಣ ವಿದ್ಯುತ್ ಬದಲಾವಣೆಯಿಂದ ಈ ಸ್ಕ್ರೀನ್‌ಗಳು ಕೆಲಸ ಮಾಡುತ್ತವೆ. ನೀರಿನ ಹನಿಯೂ ಅದನ್ನು ಗಲಿಬಿಲಿ ಮಾಡುತ್ತದೆ. ಮಳೆಯಲ್ಲಿ ಇಳಿದು ತೋಟದ ಗೇಟು ತೆಗೆದು ಮತ್ತೆ ಕಾರಿಗೆ ಹತ್ತುವವರ ಕೈ ಒಣಗಿರುವುದಿಲ್ಲ, ಅಲ್ವಾ?

ಗ್ಲಾಸಿನ ಮಂಜು ತೆಗೆಯಲು ಎಷ್ಟು ಸಲ ಒತ್ತಬೇಕು ಎಂದು ಲೆಕ್ಕ ಹಾಕಿ. ಅದಕ್ಕೆ ಬೇರೆಯೇ ಬಟನ್ ಇದ್ದರೆ ಒಳ್ಳೆಯದು. ಎರಡು ಪುಟ ದಾಟಿ ಒಳಗೆ ಹೋಗಬೇಕಾದರೆ, ನನ್ನನ್ನು ಕೇಳಿದರೆ, ಆ ಕಾರು ಕೊಡಗಿಗೆ ಬೇಡ.

ಯುರೋಪಿನಲ್ಲಿ ಕಾರಿನ ಸುರಕ್ಷತೆಗೆ ಸ್ಟಾರ್ ಕೊಡುವ ಯೂರೋ ಎನ್‌ಕ್ಯಾಪ್ ಕೂಡ ಈಗ ಇದನ್ನೇ ಕೇಳುತ್ತಿದೆ. 2026ರಿಂದ ಇಂಡಿಕೇಟರ್, ಹಜಾರ್ಡ್ ಲೈಟ್ (ನಾಲ್ಕೂ ಇಂಡಿಕೇಟರ್), ಹಾರ್ನ್, ವೈಪರ್ ಮತ್ತು ತುರ್ತು ಕರೆಗೆ ಕೈಗೆ ಸಿಗುವ ಬಟನ್ ಅಥವಾ ಸ್ಟೇರಿಂಗ್ ಪಕ್ಕದ ಕಡ್ಡಿ ಇದ್ದರೆ ಮಾತ್ರ ಪೂರ್ತಿ ಅಂಕ. ಫೋಕ್ಸ್‌ವ್ಯಾಗನ್ ಕಂಪನಿಯೂ ಮುಖ್ಯ ಬಟನ್‌ಗಳನ್ನು ವಾಪಸ್ ತರುವುದಾಗಿ ಹೇಳಿದೆ. ಶೋರೂಮಿನಲ್ಲಿ ಯಾರಾದರೂ "ಬಟನ್ ಎಲ್ಲ ಹಳೇ ಕಾಲದ್ದು" ಎಂದರೆ ಈ ವಿಷಯ ತಿಳಿಸಿ.

ಶೆಡ್ಡಿನಲ್ಲಿ ಅಭ್ಯಾಸ

ಕಾರು ಬಂದಾಯಿತು. ಇನ್ನು ಮೇ ತಿಂಗಳು ಮುಗಿಯುವ ಮೊದಲು ಮನೆಯವರಲ್ಲಿ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಕಾರು ಶೆಡ್ಡಿನಲ್ಲೇ ಇರಲಿ. ಸೀಟನ್ನು ನೀವು ಓಡಿಸುವ ಜಾಗಕ್ಕೇ ಸರಿಮಾಡಿ, ಯಾಕೆಂದರೆ ಕೈ ಕಲಿಯುವುದು ದೂರವನ್ನು. ಅವರು ಹೇಳುತ್ತಾ ಹೋಗಲಿ: "ವೈಪರ್ ಜೋರು", "ಡಿಮ್", "ಹಿಂದಿನ ಗ್ಲಾಸ್", "ನಾಲ್ಕೂ ಇಂಡಿಕೇಟರ್". ನೀವು ಗೇಟಿನ ಕಂಬ ನೋಡುತ್ತಲೇ ಮಾಡಿ. ತಪ್ಪಿದ್ದನ್ನು ಮತ್ತೆ ಹೇಳಿಸಿ. ಅಡುಗೆ ಮನೆಯಲ್ಲಿ ಕರೆಂಟು ಹೋದರೂ ಉಪ್ಪಿನ ಡಬ್ಬಿಗೆ ಕೈ ಹೋಗುವುದಿಲ್ಲವೇ, ಅಷ್ಟು ರೂಢಿ ಆಗಬೇಕು.

ಅನೇಕ ಕಾರುಗಳ ಸ್ಟೇರಿಂಗ್ ಮೇಲೆ ನಮಗೆ ಬೇಕಾದ ಕೆಲಸಕ್ಕೆ ಇಟ್ಟುಕೊಳ್ಳಬಹುದಾದ ಒಂದು ಬಟನ್ ಇರುತ್ತದೆ. ಸುಮ್ನೆ ಹಾಡಿಗೋ ಫೋಟೊಗೋ ಬಿಡಬೇಡಿ. ಸ್ಕ್ರೀನ್ ಒಳಗೆ ಅಡಗಿರುವ, ನಿಮಗೆ ಜಾಸ್ತಿ ಬೇಕಾಗುವ ಕೆಲಸವನ್ನು ಅದಕ್ಕೆ ಕೊಡಿ. ಮಾತಿನಲ್ಲಿ ಹೇಳಿದರೆ ಕೇಳುವ ಕಾರುಗಳೂ ಇವೆ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಮೇಲ್ಛಾವಣಿಗೆ ಬಡಿಯುವಾಗ ಅದಕ್ಕೆ ನಮ್ಮ ದನಿ ಸರಿಯಾಗಿ ಕೇಳುವುದಿಲ್ಲ. ಕೆಲವಕ್ಕೆ ನೆಟ್‌ವರ್ಕ್ ಬೇರೆ ಬೇಕು. ಘಾಟಿಯಲ್ಲಿ ಅದನ್ನು ನಂಬಿ ಹೋಗಬೇಡಿ.

ಗ್ಲಾಸಿನ ಮಂಜು

ಇದರ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ಜನ ಹೆಚ್ಚು ಹೆದರುವುದು ಇದಕ್ಕೇ. ಒದ್ದೆ ಬಟ್ಟೆ, ಕೊಡೆ, ನಾಲ್ಕು ಜನರ ಉಸಿರು. ಒಳಗಿನ ಗಾಳಿಯಲ್ಲಿ ತೇವ ತುಂಬುತ್ತದೆ. ಆ ತೇವ ತಣ್ಣಗಿನ ಗ್ಲಾಸಿಗೆ ತಾಗಿ ಹನಿಯಾಗುತ್ತದೆ. ಎಸಿ ಆ ತೇವವನ್ನು ಹೀರುತ್ತದೆ. "ಈ ಚಳೀಲಿ ಎಸಿ ಯಾಕಮ್ಮಾ?" ಎಂದು ಹಿಂದಿನ ಸೀಟಿನಿಂದ ಹಿರಿಯರು ಕೇಳುತ್ತಾರೆ. ನಾನು ಹೇಳುವುದು ಒಂದೇ: "ಮಾವ, ಎಸಿ ತಣ್ಣಗೆ ಮಾಡೋಕಲ್ಲ, ಒಣಗಿಸೋಕೆ. ಬಿಸಿ ಗಾಳಿ ಬೆರೆಸಿ ಕೊಡ್ತೀನಿ."

ಎಸಿ ಆನ್ ಮಾಡಿ. ಉಷ್ಣತೆಯನ್ನು ಬೆಚ್ಚಗೆ ಇಡಿ. ಗಾಳಿಯನ್ನು ಮುಂದಿನ ಗ್ಲಾಸಿಗೆ ತಿರುಗಿಸಿ. ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಆಫ್ ಮಾಡಿ. ಕಾರಿನ ಚಿತ್ರದೊಳಗೆ ತಿರುಗುವ ಬಾಣ ಇರುತ್ತದಲ್ಲ, ಅದು. ಹೊರಗಿನ ಗಾಳಿ ಬರಲಿ. ಮುಂದಿನ ಗ್ಲಾಸಿನ ಬಟನ್ ಒಂದನ್ನೇ ಒತ್ತಿದರೆ ಅನೇಕ ಕಾರುಗಳಲ್ಲಿ ಇವುಗಳಲ್ಲಿ ಹೆಚ್ಚಿನವು ತಾವಾಗಿಯೇ ಆಗುತ್ತವೆ. ಮೇಲೆ ಅಗಲವಾದ ಆಕಾರದಲ್ಲಿ ಮೂರು ಡೊಂಕು ಬಾಣ ಇದ್ದರೆ ಅದು ಮುಂದಿನ ಗ್ಲಾಸು. ಚೌಕದಲ್ಲಿ ಇದ್ದರೆ ಹಿಂದಿನದು.

ಕೆಲವೊಮ್ಮೆ ಏನು ಮಾಡಿದರೂ ಮಂಜು ಹೋಗುವುದಿಲ್ಲ. ಆಗ ಒಂದು ಸಲ ವೈಪರ್ ಹಾಕಿ ನೋಡಿ. ಒರೆಸಿ ಹೋದರೆ ಅದು ಹೊರಗಿನ ಮಂಜು. ಸಂಪಾಜೆ ದಾಟಿ ಸುಳ್ಯದ ಕಡೆ ಇಳಿದಾಗ ಸೆಕೆ, ತೇವ ಎರಡೂ ಜಾಸ್ತಿ. ಎಸಿಯ ತಂಪಿಗೆ ಗ್ಲಾಸ್ ಹೊರಗಡೆಯಿಂದ ಬೆವರುತ್ತದೆ. ತಂಪು ಕಡಿಮೆ ಮಾಡಿದರೆ ಸರಿ ಹೋಗುತ್ತದೆ.

ತಾನಾಗಿಯೇ ಆಗುವುದನ್ನು ಯಾವಾಗ ನಂಬಬಾರದು

ಆಟೋ ಹೆಡ್‌ಲೈಟ್ ಅಳೆಯುವುದು ಬೆಳಕನ್ನು. ರಸ್ತೆ ಎಷ್ಟು ದೂರ ಕಾಣುತ್ತಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಭಾಗಮಂಡಲದಿಂದ ತಲಕಾವೇರಿಗೆ ಹತ್ತುವಾಗ ಹಗಲು ಹನ್ನೊಂದಕ್ಕೂ ಮಂಜು ಬೆಳ್ಳಗೆ ಮುಚ್ಚಿರುತ್ತದೆ. ಸೆನ್ಸರಿಗೆ ಅದು ಬೆಳಕೇ. ಹೆಡ್‌ಲೈಟ್ ಹತ್ತುವುದಿಲ್ಲ. ಮುಂದಿನ ಸಣ್ಣ ಹಗಲು ದೀಪ ಉರಿಯುತ್ತಿರುವುದರಿಂದ ನಮಗೆ ಲೈಟ್ ಇದೆ ಅನ್ನಿಸುತ್ತದೆ. ಆದರೆ ಹೆಚ್ಚಿನ ಕಾರುಗಳಲ್ಲಿ ಆಗ ಹಿಂದಿನ ಕೆಂಪು ಲೈಟ್ ಆಫ್ ಆಗಿಯೇ ಇರುತ್ತದೆ. ಹಿಂದಿನ ಬಸ್ಸಿಗೆ ನೀವು ಕಾಣುವುದಿಲ್ಲ. ಮಂಜು ಕಂಡ ಕೂಡಲೇ ಲೈಟಿನ ಕಡ್ಡಿಯನ್ನು ಕೈಯಿಂದ ತಿರುಗಿಸಿ ಲೋ ಬೀಮ್ ಹಾಕಿ. ಹೈ ಬೀಮ್ ಬೇಡ, ಬೆಳಕು ಮಂಜಿಗೆ ಹೊಡೆದು ನಿಮ್ಮ ಕಣ್ಣಿಗೇ ಬರುತ್ತದೆ.

ಮಂಜಿನಲ್ಲಿ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಎಡಕ್ಕೋ ಬಲಕ್ಕೋ ತಿರುಗುತ್ತಾರೆ ಎಂದು ಹಿಂದಿನವರಿಗೆ ತಿಳಿಯುವುದೇ ಇಲ್ಲ. ಅದನ್ನು ಇಟ್ಟಿರುವುದು ನಿಂತಾಗ ಹಾಕಲು. ತಿರುವಿನಾಚೆ ಬರೆ (ರಸ್ತೆ ಬದಿಯ ಮಣ್ಣಿನ ದಿಬ್ಬ) ಕುಸಿದಿದೆ, ಮರ ಬಿದ್ದಿದೆ, ನೀವು ನಿಂತಿದ್ದೀರಿ: ಆಗ ತಡಮಾಡದೆ ಹಾಕಿ.

ಆಟೋ ಹೈ ಬೀಮ್ ಕೂಡ ಘಾಟಿಯಲ್ಲಿ ಆಫ್ ಇರಲಿ. ತಿರುವಿನಾಚೆಯ ಗಾಡಿ ಕ್ಯಾಮೆರಾಕ್ಕೆ ಕಾಣುವುದು ಅದು ಎದುರಿಗೆ ಬಂದ ಮೇಲೆ. ಅದರ ಬೆಳಕು ಮರಗಳ ಮೇಲೆ ಬಿದ್ದಾಗಲೇ ನಾವು ಡಿಮ್ ಮಾಡುತ್ತೇವೆ. ಸಿದ್ದಾಪುರ, ಅಮ್ಮತ್ತಿ ಕಡೆ ರಾತ್ರಿ ಆನೆ ರಸ್ತೆಯಲ್ಲಿದ್ದರೂ ಡಿಮ್ ಮಾಡಿ ದೂರದಲ್ಲೇ ನಿಲ್ಲಬೇಕಾದವರು ನಾವೇ.

ಆಟೋ ವೈಪರಿನ ಸೆನ್ಸರ್ ಗ್ಲಾಸಿನೊಳಗೆ ಕಣ್ಣಿಗೆ ಕಾಣದ ಬೆಳಕು ಬಿಡುತ್ತದೆ. ಗ್ಲಾಸ್ ಒಣಗಿದ್ದರೆ ಅದು ಪೂರ್ತಿ ತಿರುಗಿ ಬರುತ್ತದೆ. ನೀರು ಇದ್ದಲ್ಲಿ ಸ್ವಲ್ಪ ಹೊರಗೆ ಸೋರುತ್ತದೆ. ಸೋರಿದಷ್ಟೂ ವೈಪರ್ ಜೋರು. ಸಾಧಾರಣ ಮಳೆಗೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಅದು ನೋಡುವುದು ಕನ್ನಡಿಯ ಹಿಂದಿನ ಸಣ್ಣ ಜಾಗವನ್ನು ಮಾತ್ರ. ಟಿಂಬರ್ ಲಾರಿ ಕೆಸರು ಎರಚಿದಾಗ ಅದಕ್ಕಾಗಿ ಕಾಯಬೇಡಿ, ಕಡ್ಡಿಯನ್ನು ಒಂದು ಸಲ ತಟ್ಟಿ. ಮನೆಯಲ್ಲಿ ಗ್ಲಾಸ್ ತೊಳೆಯುವಾಗ ಆಟೋ ಆಫ್ ಮಾಡಿ. ಇಲ್ಲದಿದ್ದರೆ ಕೈ ಇಟ್ಟಾಗಲೇ ವೈಪರ್ ಎದ್ದೀತು. 2020ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ನ್ಯಾಯಾಲಯದಲ್ಲಿ ಒಂದು ಪ್ರಕರಣ ಬಂದಿತ್ತು. ಜೋರು ಮಳೆಯಲ್ಲಿ ಟೆಸ್ಲಾ ಚಾಲಕನೊಬ್ಬ ವೈಪರ್ ವೇಗ ಬದಲಿಸಲು ಸ್ಕ್ರೀನ್ ಕಡೆ ನೋಡಿ, ರಸ್ತೆ ಬಿಟ್ಟು ಮರಗಳಿಗೆ ಗುದ್ದಿದ್ದ. ನ್ಯಾಯಾಲಯ 200 ಯೂರೋ ದಂಡ ಹಾಕಿ, ಒಂದು ತಿಂಗಳು ಗಾಡಿ ಓಡಿಸದಂತೆ ಮಾಡಿದ್ದನ್ನು ಎತ್ತಿಹಿಡಿಯಿತು.

ಲೇನ್ ಹಿಡಿಯುವ ಸೌಲಭ್ಯ ನಮ್ಮ ಒಳರಸ್ತೆಗಳಿಗೆ ಬೇಡ. ಗೆರೆ ಅಳಿಸಿರುತ್ತದೆ, ಗುಂಡಿ ತಪ್ಪಿಸಲು ನಾವು ಸ್ಟೇರಿಂಗ್ ತಿರುಗಿಸಿದರೆ ಅದು ಹಿಂದಕ್ಕೆ ಎಳೆಯುತ್ತದೆ. ಕೆಲವು ಕಾರುಗಳಲ್ಲಿ ಸ್ಟಾರ್ಟ್ ಮಾಡಿದಾಗಲೆಲ್ಲ ಮತ್ತೆ ಆನ್ ಆಗುತ್ತದೆ, ಮನೆಯ ಗೇಟಿನಲ್ಲೇ ನೋಡಿಕೊಳ್ಳಿ. ಆದರೆ ತುರ್ತು ಬ್ರೇಕ್, ಎಬಿಎಸ್, ಜಾರದಂತೆ ತಡೆಯುವ ಇಎಸ್‌ಸಿ ಇವನ್ನು ಯಾವತ್ತೂ ಆಫ್ ಮಾಡಬೇಡಿ. ಅವು ನಿಮ್ಮ ಕಣ್ಣನ್ನು ಕೇಳುವುದಿಲ್ಲ, ಜೀವ ಉಳಿಸುತ್ತವೆ.

ಇಳಿಜಾರಿನಲ್ಲಿ

ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಸಂಪಾಜೆಗೆ ಇಳಿಯುವಾಗ ಆಟೋಮ್ಯಾಟಿಕ್ ಕಾರನ್ನು ಸುಮ್ನೆ ಡಿ ಗೇರಿನಲ್ಲಿ ಬಿಟ್ಟರೆ ಬ್ರೇಕ್ ಬಿಸಿಯಾಗುತ್ತದೆ. ಎಂ (ಮ್ಯಾನುವಲ್) ಹಾಕಿ ಕೆಳಗಿನ ಗೇರಿಗೆ ಇಳಿಸಿ, ಇಲ್ಲವೇ ಎಲ್ (ಲೋ ಗೇರ್) ಹಾಕಿ, ಕಾರನ್ನು ಎಂಜಿನ್ ಹಿಡಿಯಲಿ. ಎಲೆಕ್ಟ್ರಿಕ್ ಕಾರಿನವರು ಮಡಿಕೇರಿಯಲ್ಲಿ ಬ್ಯಾಟರಿ ಪೂರ್ತಿ ತುಂಬಿಸಿಕೊಂಡು ಹೊರಡಬೇಡಿ. ಇಳಿಯುವಾಗ ಮೋಟಾರು ಕಾರನ್ನು ಹಿಡಿಯುತ್ತಾ ವಿದ್ಯುತ್ ಮಾಡಿ ಬ್ಯಾಟರಿಗೆ ಕೊಡುತ್ತದೆ; ತುಂಬಿದ ಬ್ಯಾಟರಿಗೆ ಅದು ಹಿಡಿಸುವುದಿಲ್ಲ. ಆಗ ಮೋಟಾರಿನ ಹಿಡಿತ ಕಡಿಮೆಯಾಗಿ ಭಾರವೆಲ್ಲ ಕಾಲಿನ ಬ್ರೇಕಿನ ಮೇಲೆ ಬೀಳುತ್ತದೆ. ಹಿಡಿತದ ಮಟ್ಟ ಬದಲಿಸುವುದು ಸ್ಕ್ರೀನ್ ಒಳಗಿದ್ದರೆ ಹೊರಡುವ ಮೊದಲೇ ಹೆಚ್ಚಿಸಿಡಿ.

ಇನ್ನೆರಡು ವಿಷಯ. ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಸ್ಕ್ರೀನಿನ ಜಾಗಗಳು ಬದಲಾಗಬಹುದು. ದೂರ ಹೊರಡುವ ಹಿಂದಿನ ದಿನ ಅಪ್‌ಡೇಟ್ ಹಾಕಬೇಡಿ; ಹಾಕಿದರೆ ಶೆಡ್ಡಿನ ಅಭ್ಯಾಸ ಮತ್ತೆ ಮಾಡಿ. ಬೆಂಗಳೂರಿನಿಂದ ರಜೆಗೆ ಬಂದ ಮಗನೋ ಮಗಳೋ ಕಾರು ಕೇಳಿದರೆ ಅವರಿಗೂ ಮಾಡಿಸಿ, ಆಮೇಲೆ ಕೀಲಿ ಕೊಡಿ. ಹಾಗೆಯೇ, ನಿಮ್ಮ ಕಾರಿನಲ್ಲಿ ಎಸಿಗೆ ನುಣುಪಾದ ಟಚ್ ಪಟ್ಟಿ ಇದ್ದರೆ, ಮುಂದಿನ ಗ್ಲಾಸಿನ ಚಿಹ್ನೆಯ ಪಕ್ಕದಲ್ಲೇ ಉಬ್ಬಿದ ಸಣ್ಣ ರಬ್ಬರ್ ಚುಕ್ಕಿಯೊಂದನ್ನು ಅಂಟಿಸಿ. ಚಿಹ್ನೆಯ ಮೇಲೆ ಬೇಡ, ಪಕ್ಕದಲ್ಲಿ. ಬೆರಳು ಚುಕ್ಕಿಯನ್ನು ಹುಡುಕಿ, ಅಲ್ಲಿಂದ ಅರ್ಧ ಇಂಚು ಸರಿದು ಒತ್ತುವುದನ್ನು ಎರಡೇ ದಿನದಲ್ಲಿ ಕಲಿಯುತ್ತದೆ.