ಕಾಫಿ ಕೊಯ್ಲಿನ ಮಕ್ಕಳಿಗೆ ಸಿಎಸ್ಆರ್ ದುಡ್ಡು: ಸಂಬಳಕ್ಕೇ ಕೇಳಿದೆ, ಸಂಬಳಕ್ಕೇ ಬಂತು

"ಕಂಪನಿಯವರು ಬ್ಯಾಗ್ ಕೊಡ್ತಾರೆ, ಬೆಂಚ್ ಕೊಡ್ತಾರೆ. ಸಂಬಳಕ್ಕೆ ಮಾತ್ರ ದುಡ್ಡು ಬಿಚ್ಚಲ್ಲ." ಚಿಕ್ಕಮಗಳೂರಲ್ಲಿ ಟ್ರಸ್ಟ್ ನಡೆಸುವ ಯಾರನ್ನೇ ಕೇಳಿ, ಇದೇ ಮಾತು. ನನಗೂ ಇದನ್ನೇ ಹೇಳಿದರು. ಕಳೆದ ಕೊಯ್ಲಿನಲ್ಲಿ ಮೂಡಿಗೆರೆ ಸುತ್ತಿನ ನಾಲ್ಕು ತೋಟಗಳಲ್ಲಿ ಕೂಲಿಯವರ ಮಕ್ಕಳ ಪಾಲನೆಗೆ, ಪಾಠಕ್ಕೆ ನಾವು ನಡೆಸಿದ ಕೇಂದ್ರಗಳಿಗೆ ಒಂದು ಕಂಪನಿ ತನ್ನ ಸಿಎಸ್ಆರ್ ಹಣದಿಂದ (ಕಾನೂನಿನಂತೆ ಕಂಪನಿಗಳು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕಾದ ದುಡ್ಡು) ಸುಮಾರು 2.2 ಲಕ್ಷ ಕೊಟ್ಟಿತು. ಅಷ್ಟೂ ಅಲ್ಲಿ ಕೆಲಸ ಮಾಡುವವರ ಸಂಬಳಕ್ಕೇ. ಹೇಗೆ ತಂದಿರಿ ಅಂತ ಈಗ ಫೋನ್ ಮೇಲೆ ಫೋನ್. ಅದಕ್ಕೇ ಇದನ್ನು ಬರೆದೆ.

12ಎ, 80ಜಿ, ದರ್ಪಣ್ ನಂಬರು, ಸಿಎಸ್ಆರ್-1, ಮೂರು ವರ್ಷದ ಆಡಿಟ್ ವರದಿ, ಹೀಗೆ ಸಿಎಸ್ಆರ್ ದುಡ್ಡು ಕೇಳುವ ಟ್ರಸ್ಟಿಗೆ ಬೇಕಾದ ನೋಂದಣಿ, ಲೆಕ್ಕದ ಕಾಗದಗಳೆಲ್ಲ ನಿಮ್ಮ ಫೈಲಿನಲ್ಲಿ ಇರುತ್ತವೆ. ಆ ಮಾತು ಬಿಡೋಣ.

ಮೊದಲ ವರ್ಷಗಳಲ್ಲಿ ಅಲೆದದ್ದು ಜಾಸ್ತಿ, ಬಂದದ್ದು ಕಡಿಮೆ. ಒಬ್ಬ ಸಲಹೆಗಾರರು ಹದಿನೈದು ಸಾವಿರ ತಗೊಂಡು ದಪ್ಪ ಪ್ರಸ್ತಾವನೆ ಬರೆದುಕೊಟ್ಟರು. ತೆರೆದು ನೋಡಿದರೆ ಮಧ್ಯದ ಪುಟಗಳಲ್ಲಿ ಬೇರೆ ಯಾವುದೋ ಜಿಲ್ಲೆಯ ಹೆಸರು. ಒಂದು ಪ್ರತಿಷ್ಠಾನದವರು ಬೆಂಗಳೂರಿಗೆ ಕರೆಸಿದ ಮೇಲೆ ಕರೆಸಿ, ಕೊನೆಗೆ ಮಾರ್ಚ್ ತಿಂಗಳಲ್ಲಿ ತಮ್ಮ ಲೋಗೋ ಇರುವ ಬ್ಯಾಗ್ ಕಳಿಸಿದರು. ಮಕ್ಕಳ ಹತ್ತಿರ ಬ್ಯಾಗ್ ಇತ್ತು. ಬ್ಯಾಗ್ ಹಾಕಿಕೊಂಡು ಶಾಲೆಗೆ ಹೋಗೋಕೆ ಬಿಡುವು ಇರಲಿಲ್ಲ. ಇನ್ನೊಬ್ಬರು ಸ್ಮಾರ್ಟ್ ಬೋರ್ಡ್ ಕೊಟ್ಟರು. ಮಲೆನಾಡಿನ ಮಳೆಗಾಲದಲ್ಲಿ ಲೈನ್ ಮನೆಗಳಲ್ಲಿ (ತೋಟದ ಕೂಲಿಯವರ ಸಾಲು ಮನೆಗಳು) ಕರೆಂಟ್ ಕಥೆ ಏನು ಅಂತ ನಿಮಗೆ ಗೊತ್ತಲ್ವಾ? ಬಸ್ ಚಾರ್ಜು, ಜೆರಾಕ್ಸು, ಊಟ ಅಂತ ಆ ಓಡಾಟಕ್ಕೇ ಕೈಯಿಂದ ನಲವತ್ತು ಸಾವಿರದಷ್ಟು ಹೋಗಿರಬೇಕು.

ದಾರಿ ತೋರಿಸಿದ್ದು ಹಾಜರಿ ಪುಸ್ತಕ. ಮುಖ್ಯ ಶಿಕ್ಷಕರನ್ನು ಒಪ್ಪಿಸಿ ಜನವರಿ ತಿಂಗಳ ಹಾಳೆ ನೋಡಿದೆ. ತೋಟದ ಮಕ್ಕಳ ಸಾಲಿನಲ್ಲಿ ಅರ್ಧಕ್ಕರ್ಧ ಗೈರು. ಅದು ಎಲ್ಲರಿಗೂ ಗೊತ್ತಿರುವುದೇ, ಕೊಯ್ಲಿನ ಕಾಲ. ಆದರೆ ಯಾರ ಗೈರು ಅಂತ ಬೆರಳಿಟ್ಟು ನೋಡುತ್ತಾ ಹೋದೆ. ಏಳು, ಎಂಟು, ಒಂಬತ್ತನೇ ಕ್ಲಾಸಿನ ಹುಡುಗಿಯರದ್ದೇ ಜಾಸ್ತಿ. ಲೈನಿಗೆ ಹೋಗಿ ವಿಚಾರಿಸಿದರೆ ಅವರಲ್ಲಿ ಹೆಚ್ಚಿನವರು ಹಣ್ಣು ಕೊಯ್ಯಲು ಹೋಗೇ ಇಲ್ಲ. ಅಮ್ಮ ಕೊಯ್ಲಿಗೆ ಹೋದಾಗ ಮನೆಯಲ್ಲಿ ಚಿಕ್ಕ ತಮ್ಮ ತಂಗಿಯರನ್ನು ಎತ್ತಿಕೊಂಡು ಕೂತಿದ್ದಾರೆ. ಕೊಯ್ಲಿನ ಕೂಲಿ ಕೆಜಿ ಲೆಕ್ಕದಲ್ಲಿ. ಅಮ್ಮ ಬೆಳಿಗ್ಗೆ ಬೇಗ ಹೋದಷ್ಟೂ ದುಡ್ಡು. ಅವರನ್ನು ದೂರಿ ಏನು ಬಂತು?

ಬೇಕಾಗಿದ್ದು ಬ್ಯಾಗೂ ಅಲ್ಲ, ಬೋರ್ಡೂ ಅಲ್ಲ. ಬೆಳಿಗ್ಗೆ ಎಂಟರಿಂದ ಸಂಜೆ ತನಕ ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಅಕ್ಕ. ಸಂಜೆ ಪಾಠ ಹೇಳಲು ಒಬ್ಬ ಟೀಚರ್. ನವೆಂಬರಿನಿಂದ ಮಾರ್ಚ್ ತನಕ, ಅಂದರೆ ಅರೇಬಿಕಾ ಕಾಫಿಯ ಕೊಯ್ಲು ಶುರುವಾಗಿ ರೊಬಸ್ಟಾ ಕಾಫಿಯದ್ದು ಮುಗಿಯುವವರೆಗೆ. ಟೀಚರಿಗೆ ತಿಂಗಳಿಗೆ ಆರು ಸಾವಿರ, ಅಕ್ಕನಿಗೆ ಐದು. ನಾಲ್ಕು ಕೇಂದ್ರ, ಐದು ತಿಂಗಳು, ಒಟ್ಟು 2.2 ಲಕ್ಷ. ಮೊಟ್ಟೆ ಅವಲಕ್ಕಿಗೆ ಅರವತ್ತು ಸಾವಿರ, ನೋಟ್ಸು, ಚಾರ್ಜಿಂಗ್ ಲೈಟು, ಪೆಟ್ರೋಲು, ಆಡಿಟ್ ಎಲ್ಲ ಸೇರಿ ಇನ್ನೊಂದು ನಲವತ್ತು. ಶಾಲೆಗೆ ಹೋಗುವ ಮಕ್ಕಳು ತೊಂಬತ್ತರ ಆಸುಪಾಸು. ತಲೆಗೆ ಮೂರೂವರೆ ಸಾವಿರ ಬಿತ್ತು.

ಮೊದಲು ಹೋಗಿದ್ದು ಬೆಳೆಗಾರರ ಹತ್ತಿರ. ಜಿಲ್ಲೆಯ ಗೆಳೆಯರು ಬೇಡ ಅಂದಿದ್ದರು. ಆದರೆ ಆ ವರ್ಷ ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ ಬೀಜ) 50 ಕೆಜಿ ಮೂಟೆಗೆ 25,000 ದಾಟಿತ್ತು, ಕೊಯ್ಯಲು ಆಳು ಸಿಗುತ್ತಿರಲಿಲ್ಲ. ದಾನ ಕೊಡಿ ಅಂತ ನಾನು ಕೇಳಲೇ ಇಲ್ಲ. "ಸರ್, ಮಗುವಿನ ಚಿಂತೆ ಇಲ್ಲದಿದ್ದರೆ ಹೆಂಗಸರು ಸೀಸನ್ ಮುಗಿಯೋ ತನಕ ನಿಮ್ಮ ತೋಟದಲ್ಲೇ ಉಳೀತಾರೆ" ಅಂದೆ. ಒಬ್ಬ ಹಿರಿಯ ಬೆಳೆಗಾರರು ರೈಟರನ್ನು (ತೋಟದ ಲೆಕ್ಕ ಬರೆಯುವವರು) ಕರೆದು ಹಾಜರಿ ಲೆಕ್ಕ ತರಿಸಿ ನೋಡಿ, "ಮೇಡಂ, ಹಳೇ ಗೋಡೌನ್ ಖಾಲಿ ಮಾಡಿಸ್ತೀನಿ, ಸುಣ್ಣ ಹೊಡೆಸ್ತೀನಿ" ಅಂದರು. ನಾಲ್ಕೂ ಕಡೆ ಜಾಗ, ಕರೆಂಟ್ ಪುಕ್ಕಟೆ. ಜೊತೆಗೆ ತಲಾ ಇಪ್ಪತ್ತೈದು ಸಾವಿರದಂತೆ ಒಂದು ಲಕ್ಷ. ಮೊಟ್ಟೆ, ಪೆಟ್ರೋಲಿನ ಖರ್ಚು ಅಲ್ಲಿಗೆ ಮುಗಿಯಿತು.

ಉಳಿದದ್ದು ಸಂಬಳ ಮಾತ್ರ. ಅದನ್ನು ಕಂಪನಿ ಮುಂದೆ ಇಟ್ಟೆ. ಅವರ ಮೊದಲ ಮಾತೇ "ಇದು ಆಡಳಿತ ವೆಚ್ಚ, ಐದು ಪರ್ಸೆಂಟ್ ಮೀರೋ ಹಾಗಿಲ್ಲ" ಅಂತ. ಇಲ್ಲೇ ನಮ್ಮವರು ಎದ್ದು ಬರುತ್ತಾರೆ. ನಾನು ಸಿಎಸ್ಆರ್ ನಿಯಮದ ಪ್ರತಿ ತೆಗೆದು ಮುಂದಿಟ್ಟೆ. 2021ರ ತಿದ್ದುಪಡಿಯಲ್ಲಿ ಸ್ಪಷ್ಟವಾಗಿದೆ: ಆಡಳಿತ ವೆಚ್ಚ ಅಂದರೆ ಕಂಪನಿ ತನ್ನ ಸಿಎಸ್ಆರ್ ಕೆಲಸವನ್ನು ನಿಭಾಯಿಸಲು ಮಾಡುವ ಸಾಮಾನ್ಯ ಖರ್ಚು. ಒಂದು ಯೋಜನೆಯನ್ನು ನಡೆಸಲು ನೇರವಾಗಿ ಆಗುವ ಖರ್ಚು ಅದರಲ್ಲಿ ಸೇರಲ್ಲ. ಪಾಠದ ಯೋಜನೆಯಲ್ಲಿ ಪಾಠ ಹೇಳುವವರ ಸಂಬಳವೇ ಯೋಜನೆ ಅಲ್ವಾ? ಅವರ ಲೆಕ್ಕಪತ್ರದವರು ಎರಡು ವಾರ ತಗೊಂಡು ಹೌದು ಅಂದರು.

ಅರ್ಜಿ ಕಳಿಸಿದ್ದು ಯುಗಾದಿ ಹೊತ್ತಿಗೆ. ಕಂಪನಿಗಳ ಸಿಎಸ್ಆರ್ ಸಮಿತಿ ಇಡೀ ವರ್ಷದ ಯೋಜನೆಯನ್ನು ಬೋರ್ಡಿನ ಮುಂದೆ ಇಡಬೇಕು. ಆ ಪಟ್ಟಿಯಲ್ಲಿ ಸೇರಿದರೆ ಸಂಬಳಕ್ಕೂ ಜಾಗ ಇದೆ. ಫೆಬ್ರವರಿಯಲ್ಲಿ ಹೋದರೆ ಮಾರ್ಚಿಗೆ ಲೆಕ್ಕದ ವರ್ಷ ಮುಗಿಯುವ ಮೊದಲು ಉಳಿದ ದುಡ್ಡು ಖಾಲಿ ಮಾಡುವ ಆತುರ, ಆಗ ಸಿಗುವುದು ಬ್ಯಾಗೇ. ಅರ್ಜಿ ಎರಡೇ ಪುಟ. ಮೊದಲ ಪುಟದಲ್ಲಿ ಜನವರಿಯ ಹಾಜರಿ, ಮಕ್ಕಳ ಹೆಸರಿನ ಬದಲು ಬರೀ ನಂಬರು, ಕೆಳಗೆ ಶಾಲೆಯ ಸೀಲು. ಎರಡನೇ ಪುಟ ಹೇಗಿತ್ತು, ಕಂಪನಿಯಲ್ಲಿ ಯಾರ ಕೈಗೆ ಕೊಟ್ಟೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಈ ಸಲದ ಅರ್ಜಿ ಇನ್ನೂ ಅವರ ಮೇಜಿನ ಮೇಲಿದೆ.

ನಡುವೆ ಬೇರೆ ಪ್ರಯೋಗಗಳೂ ಆದವು. ಆನ್‌ಲೈನಲ್ಲಿ ಚಂದಾ ಎತ್ತಿದಾಗ ಮೂವತ್ತು ಸಾವಿರ ಚಿಲ್ಲರೆ ಬಂತು, ಬಹುಪಾಲು ನಮ್ಮ ನೆಂಟರದ್ದೇ. ಕಾಳುಮೆಣಸಿನ ಪ್ಯಾಕೆಟ್ ಮಾಡಿ ಮಾರಿದೆವು, ಕೊರಿಯರ್ ಖರ್ಚೇ ಲಾಭ ತಿಂದಿತು. ಕೆಲಸಕ್ಕೆ ಬಂದ ಪ್ರಯೋಗ ಒಂದೇ. ಒಂದು ಕೇಂದ್ರದಲ್ಲಿ ಅಸ್ಸಾಮಿನಿಂದ ಬಂದ ಕುಟುಂಬದ ತಾಯಿಯನ್ನೇ ಅಕ್ಕನ ಕೆಲಸಕ್ಕೆ ತಗೊಂಡೆವು. ಅಲ್ಲಿವರೆಗೆ ಲೈನ್ ಬಿಟ್ಟು ಬರದ ಅವರ ಕಡೆಯ ಮಕ್ಕಳು ವಾರದೊಳಗೆ ಬರತೊಡಗಿದರು. ಈಗ ಅವರಲ್ಲಿ ಕೆಲವರು ಕನ್ನಡ ಶಾಲೆಯಲ್ಲಿ ಹೆಸರು ಹಚ್ಚಿಸಿಕೊಂಡಿದ್ದಾರೆ.

ದುಡ್ಡು ಎರಡು ಕಂತಿನಲ್ಲಿ ಬರುತ್ತದೆ. ಮೊದಲ ಕಂತು ಹೇಗೆ ಖರ್ಚಾಯಿತು ಅನ್ನೋ ಬಳಕೆ ಪ್ರಮಾಣಪತ್ರ ಕೊಟ್ಟ ಮೇಲೇ ಎರಡನೇ ಕಂತು. ನಮಗೆ ಅದು ತಡವಾಗಿ, ಕೊಯ್ಲು ಮುಗಿಯುವ ಹೊತ್ತಿಗೆ ಬಂತು. ಫೆಬ್ರವರಿ ಸಂಬಳವನ್ನು ನಮ್ಮ ಸ್ತ್ರೀಶಕ್ತಿ ಸಂಘದಿಂದ ಸಾಲ ತಂದು ಕೊಟ್ಟೆವು. ಐದು ಸಾವಿರ ನಂಬಿ ಕೂತ ಅಕ್ಕನಿಗೆ ಮುಂದಿನ ತಿಂಗಳು ನೋಡೋಣ ಅಂತ ಹೇಳಲು ಬಾಯಿ ಬರಲ್ಲ. ನೀವೂ ಎರಡು ತಿಂಗಳ ಸಂಬಳ ಕೈಯಲ್ಲಿ ಇಟ್ಟುಕೊಂಡೇ ಶುರು ಮಾಡಿ.

ಕೇಂದ್ರಗಳು ನಡೆದ ಜನವರಿಯಲ್ಲಿ ಅದೇ ಹುಡುಗಿಯರ ಹಾಜರಿ ನೂರಕ್ಕೆ ಎಂಬತ್ತರ ಹತ್ತಿರ ಬಂತು. ಹತ್ತನೇ ಕ್ಲಾಸಿನ ಹನ್ನೊಂದೋ ಹನ್ನೆರಡೋ ಮಕ್ಕಳಲ್ಲಿ ಇಬ್ಬರು ಬಿಟ್ಟು ಎಲ್ಲರೂ ಪಾಸ್. ಆ ಇಬ್ಬರನ್ನೂ ಪರೀಕ್ಷೆ-2ಕ್ಕೆ ಕೂರಿಸಿ ಪಾಸ್ ಮಾಡಿಸಿದ್ದು ನಮ್ಮ ಟೀಚರ್. ಆಗಲ್ಲ ಅಂದವರಿಗೆ ಈ ಹಾಳೆ ತೋರಿಸಲು ನನಗೆ ಹೆಮ್ಮೆಯೇ.

ಈಗ ಆಲ್ದೂರು ಕಡೆಯಿಂದ ಇಬ್ಬರು ಬೆಳೆಗಾರರು, ಸಕಲೇಶಪುರದಿಂದ ಒಬ್ಬರು ಕೇಳಿದ್ದಾರೆ. ಕಂಪನಿ ಹತ್ತಿರ ಈ ಸಲ ಮೂರು ವರ್ಷದ ಯೋಜನೆಯಾಗಿಯೇ ಕೇಳಿದ್ದೇನೆ. ಅಕ್ಕಂದಿರ ಸಂಬಳವನ್ನು ಆರು ಸಾವಿರಕ್ಕೆ ಏರಿಸಿಯೇ ಬರೆದಿದ್ದೇನೆ.